ಹರಿಗೋಲು ಸಂಸಾರಯಾನ: ಲಕ್ಷಣ, ಭಾರ ಮತ್ತು ಬಾಂಧವ್ಯ

ಒಂದೇ ಮನೆತನದ ಜನ, ಒಂದೇ ರಜಾದಿನ, ಒಂದೇ ಹರಿಗೋಲಿನಲ್ಲಿ, ಅದು ಹಿಡಿಸುವುದಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿ ಕುಳಿತು, ಹೊರಟ ದಡಕ್ಕೇ ಮರಳಿ ಬರುವ ಕ್ರಿಯೆಗೆ ಸಂಸಾರಯಾನ ಎನ್ನಬಹುದು. ಈ ಲಕ್ಷಣದ ಅಂಶಗಳಲ್ಲಿ ಉಳಿದವು ಆಗೀಗ ತಪ್ಪಿದರೂ ‘ಹೆಚ್ಚಿನ ಸಂಖ್ಯೆ’ ಎಂಬುದು ಮಾತ್ರ ತಪ್ಪುವುದಿಲ್ಲ. ಬೇರೊಂದು ಊರು ಸೇರುವ ಉದ್ದೇಶವಿಲ್ಲವಾದ್ದರಿಂದ ಇದು ಪ್ರಯಾಣವಲ್ಲ. ಕಾಲು ಚಾಚಲು ಎಡೆಯಿಲ್ಲವಾದ್ದರಿಂದ ವಿಶ್ರಾಂತಿಯೂ ಅಲ್ಲ. ಹೊರದೇಶಗಳಲ್ಲಿ ಮಹಡಿ ಮಹಡಿಯ ಹಡಗುಗಳಲ್ಲಿ ನಡೆಯುವ ಕ್ರೂಸ್ ಇದರದೇ ಒಂದು ಅಪಭ್ರಂಶ ರೂಪ. ಅಲ್ಲಿ ಇಕ್ಕಟ್ಟು ಅನುಭವಕ್ಕೆ ಬರಲು ಒಂದು ವಾರ ಬೇಕು. ಶ್ರೀರಂಗಪಟ್ಟಣದ ಸಂಗಮದಲ್ಲಿ ಕಾಲು ಗಂಟೆ ಸಾಕು.

ಮಂಡ್ಯ ಜಿಲ್ಲೆಗೆ ಕಡಲಿಲ್ಲ. ಈ ಕೊರತೆಯನ್ನು ಅದರ ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳು ಕೈಲಾದಷ್ಟು ತುಂಬಿಕೊಂಡಿವೆ. ಕೆ.ಆರ್.ಪೇಟೆಯದು ಹೇಮಾವತಿ. ಆ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡುತ್ತವೆ. 2022ರಲ್ಲಿ ಅಲ್ಲಿ ಕುಂಭಮೇಳವೂ ನಡೆಯಿತು. ಶ್ರೀರಂಗಪಟ್ಟಣವಂತೂ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪವೇ. ಅಲ್ಲಿಯ ರಂಗನಾಥ ಆದಿಶೇಷನ ಮೇಲೆ ಪವಡಿಸಿದ್ದಾನೆ. ಈ ಸೀಮೆಯಲ್ಲಿ ನೀರಿನ ನಡುವೆ ಉದ್ದಕ್ಕೆ ಮಲಗುವಷ್ಟು ಜಾಗ ಸಿಕ್ಕಿರುವುದು ಅವನೊಬ್ಬನಿಗೇ ಎಂಬುದನ್ನು ಇಲ್ಲಿಯೇ ಗುರುತಿಸಬೇಕು. ಪಾಂಡವಪುರ ತನ್ನ ಪಾಲಿಗೆ ತೊಣ್ಣೂರು ಕೆರೆಯನ್ನು ಕೊಡುತ್ತದೆ. ಮೋತಿ ತಲಾಬ್ ಎಂದೂ ಹೆಸರಾದ ಆ ಕೆರೆಯ ಏರಿ ಬುತ್ತಿ ಬಿಚ್ಚಲು ಪ್ರಶಸ್ತ. ನಾಗಮಂಗಲ ಒಣಸೀಮೆ. ಅತ್ತ ಕಡೆಯಿಂದ ಬರುವ ಲೋಕಪಾವನಿ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದಾದರೂ ದೋಣಿ ತೇಲಿಸುವ ಹೊಣೆಯನ್ನು ಅದು ಸಾಮಾನ್ಯವಾಗಿ ಹೊರುವುದಿಲ್ಲ. ಆದ್ದರಿಂದ ನಾಗಮಂಗಲ ನೀರಿನ ಬದಲು ನೆಂಟರನ್ನು ಒದಗಿಸುತ್ತದೆ. ಸಂಸಾರಯಾನದ ಪ್ರಸ್ತಾಪ ಕೆ.ಆರ್.ಪೇಟೆಯಲ್ಲಿ ಎದ್ದರೂ, ಹರಿಗೋಲು ಶ್ರೀರಂಗಪಟ್ಟಣದಲ್ಲಿದ್ದರೂ, ಅದು ತುಂಬುವುದು ನಾಗಮಂಗಲದ ಬೀಗರ ಟೆಂಪೋ ಬಂದ ಮೇಲೆಯೇ.

ಹರಿಗೋಲು ದುಂಡನೆಯದು. ಬಿದಿರಿನ ದಬ್ಬೆಗಳನ್ನು ಹೆಣೆದು ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪೇಸ್, ತುಂಗಭದ್ರೆಯಲ್ಲಿ ಹದಿನೈದು ಇಪ್ಪತ್ತು ಜನ ಹಿಡಿಸುವ ಇಂಥ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವು ಸದಾ ಸುತ್ತುತ್ತಲೇ ಇರುತ್ತವೆ, ನೆಟ್ಟಗೆ ಹೋಗಲಾರವು ಎಂಬುದು ಅವನ ದೂರು. ಬೇಕೆಂದರೆ ಕುದುರೆ ಎತ್ತುಗಳನ್ನೂ ಅದರಲ್ಲಿ ದಾಟಿಸಬಹುದಾಗಿತ್ತಂತೆ, ಆದರೆ ಅವು ಹೆಚ್ಚಾಗಿ ಈಜಿಯೇ ದಾಟುತ್ತಿದ್ದವಂತೆ. ಒಳಗಿನ ಜನಸಂಖ್ಯೆಯನ್ನು ಕಣ್ಣಾರೆ ನೋಡಿದ ಮೇಲೆ ಪ್ರಾಣಿಗಳು ಕೈಗೊಂಡ ಈ ತೀರ್ಮಾನ, ಅತಿಭಾರದ ಬಗ್ಗೆ ನಮಗೆ ದೊರೆತಿರುವ ಹಳೆಯ ಆಧಾರಗಳಲ್ಲೊಂದು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲೂ ಇದೇ ಜಾತಿಯ ದೋಣಿಯಿದೆ. ಅದರಲ್ಲಿ ಒಬ್ಬ ಕೂರುತ್ತಾನೆ, ದಡಕ್ಕೆ ಬಂದಮೇಲೆ ಅದನ್ನು ಬೆನ್ನಿಗೆ ಏರಿಸಿಕೊಂಡು ಮನೆಗೆ ನಡೆಯುತ್ತಾನೆ. ಅಲ್ಲಿಯ ಕುಟುಂಬ ವ್ಯವಸ್ಥೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರ ಹೊತ್ತಿಗೆ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆ ಸಿದ್ಧವಾಯಿತು. ನದಿ ದಾಟಲು ಹರಿಗೋಲೇ ಬೇಕೆಂಬ ಸ್ಥಿತಿ ಅಲ್ಲಿಗೆ ಹೋಯಿತು. ಬೇಡವಾದ ಮೇಲೂ ಉಳಿಯುವ ವಸ್ತುವಿಗೆ ವಿಹಾರವೆಂಬ ಹೆಸರು ಬರುವುದು ರೂಢಿ.

ದುಂಡಾಕಾರದ ಸಾಮಾಜಿಕ ಪರಿಣಾಮಗಳು ಗಮನಾರ್ಹ. ಹರಿಗೋಲಿಗೆ ಮುಂದು ಹಿಂದು ಇಲ್ಲ. ಆದ್ದರಿಂದ ಮುಂದಿನ ಸೀಟು ಹಿರಿಯಳಿಯನಿಗೋ ಕಿರಿಯಳಿಯನಿಗೋ ಎಂಬ ಪ್ರಶ್ನೆ ಏಳಬಾರದು. ಆದರೂ ಏಳುತ್ತದೆ. ಅಂಬಿಗ ಹುಟ್ಟು ಹಾಕುವ ಬದಿಯೇ ಮುಂದು ಎಂದು ಒಂದು ಪಕ್ಷದವರು ವಾದಿಸಿದರೆ, ನೆರಳು ಬೀಳುವ ಬದಿಯೇ ಮುಂದು ಎಂದು ಬೀಗಿತ್ತಿಯರ ಪಕ್ಷ ಹೇಳುತ್ತದೆ. ಹರಿಗೋಲು ತಿರುಗತೊಡಗಿದಾಗ ಎರಡೂ ಪಕ್ಷಗಳು ಸರದಿಯ ಮೇಲೆ ಗೆಲ್ಲುತ್ತವೆ.

ಇನ್ನು ಭಾರದ ವಿಚಾರ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ ಎಂದು ಆರ್ಕಿಮಿಡೀಸ್ ತೋರಿಸಿಕೊಟ್ಟ. ಅಡ್ಡಳತೆ 2 ಮೀಟರ್ ಇರುವ, ಬುಡ ಚಪ್ಪಟೆಯಾದ ಹರಿಗೋಲನ್ನು ಲೆಕ್ಕಕ್ಕೆ ಹಿಡಿದರೆ ಅದರ ತಳದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಅಂದರೆ ಪ್ರತಿ 31 ಕಿಲೋ ಭಾರಕ್ಕೆ ಅದು 1 ಸೆಂಟಿಮೀಟರ್ ಕೆಳಗಿಳಿಯುತ್ತದೆ. 78 ಕಿಲೋ ತೂಗುವ ಸೋದರಮಾವ, ಹೀಗಾಗಿ, ಎರಡೂವರೆ ಸೆಂಟಿಮೀಟರಿಗೆ ಸಮ. ನೆಂಟರನ್ನು ಸೆಂಟಿಮೀಟರಿನಲ್ಲಿ ಅಳೆಯುವ ಈ ಪದ್ಧತಿ ನಿಖರವಾದರೂ ದಡದಲ್ಲಿ ಗಟ್ಟಿಯಾಗಿ ಬಳಸತಕ್ಕದ್ದಲ್ಲ. ತಲಾ 60 ಕಿಲೋದ ಹನ್ನೆರಡು ಜನ ಕೂತರೆ ಹರಿಗೋಲು 23 ಸೆಂಟಿಮೀಟರ್ ಇಳಿಯಿತು. ಮೇಲುಕೋಟೆಯ ಪುಳಿಯೋಗರೆಯ ಡಬ್ಬಿ, ನೀರಿನ ಕ್ಯಾನು, ನಾಗಮಂಗಲದ ಬೀಗರು ಉಡುಗೊರೆಯಾಗಿ ತಂದ, ಟೆಂಪೋದಲ್ಲಿ ಬಿಟ್ಟರೆ ಯಾರಾದರೂ ಹೊಡೆದಾರೆಂದು ಜೊತೆಗೇ ಹೊತ್ತು ತಂದ ಹಿತ್ತಾಳೆ ಕೊಳಗ, ಇವುಗಳ ಲೆಕ್ಕ ಬೇರೆ.

ಹಡಗಿಗೆ ಎಷ್ಟು ಸರಕು ಹೇರಬಹುದೆಂದು ಅದರ ಹೊರಮೈಯಲ್ಲಿ ಗೆರೆ ಎಳೆದು ತೋರಿಸಬೇಕೆಂದು ಇಂಗ್ಲೆಂಡಿನಲ್ಲಿ ಹೋರಾಡಿದವನು ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್. 1876ರಲ್ಲಿ ಅದು ಕಾಯಿದೆಯಾಯಿತು. ಹರಿಗೋಲಿಗೂ ಅಂಥ ಗೆರೆ ಎಳೆಯಬಹುದು. ಆದರೆ ನೋಡಬೇಕಾದ ಹೊತ್ತಿನಲ್ಲಿ ಅದು ನೀರಿನ ಕೆಳಗಿರುತ್ತದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಈ ಸೀಮೆಯ ರೈತನಿಗೆ ಬಾಯಿಪಾಠ. ಒಳಹರಿವು, ಹೊರಹರಿವು, ಎಷ್ಟು ಟಿಎಂಸಿ ಎಂದು ಪತ್ರಿಕೆ ಬಿಚ್ಚಿ ನೋಡುವುದು ಅವನ ನಿತ್ಯಕರ್ಮ. ಅದೇ ರೈತ ಸಂಗಮದ ದಡದಲ್ಲಿ ನಿಂತು, ಅಂಬಿಗ ಸಾಕು ಎಂದು ಕೈಯೆತ್ತಿದಾಗ, “ಬುಡಣ್ಣ, ಇನ್ನಿಬ್ರು ತಾನೆ, ವಸಿ ಜರುಗ್ಕೊಂಡ್ರೆ ಆಯ್ತದೆ” ಎನ್ನುತ್ತಾನೆ. ಅಣೆಕಟ್ಟಿಗಿರುವ ಗರಿಷ್ಠ ಮಟ್ಟ ಹರಿಗೋಲಿಗೆ ಏಕಿಲ್ಲ ಎಂಬುದೇ ಈ ಶಾಸ್ತ್ರದ ಮುಖ್ಯ ಪ್ರಶ್ನೆ.

ಉತ್ತರ: ಹರಿಗೋಲಿನ ಸಾಮರ್ಥ್ಯವನ್ನು ನಿರ್ಧರಿಸುವುದು ತೂಕವಲ್ಲ, ನೆಂಟಸ್ತನ. ಮಡಿಲಲ್ಲಿರುವ ಮಗುವಿಗೆ ತೂಕವಿಲ್ಲ ಎಂಬುದು ಬಸ್ಸಿನಿಂದ ಬಂದ ನಿಯಮ. ನೀರಿನ ಮೇಲೆ ಅದು ಐದನೇ ಕ್ಲಾಸಿನವರೆಗೂ ಅನ್ವಯಿಸುತ್ತದೆ. ಸಣಕಲು ಮೈಯ ಮೈದುನನನ್ನು ಎಣಿಸುವುದಿಲ್ಲ. ಅಜ್ಜಿಯನ್ನು ಎಣಿಸುವುದೇ ಅಪಶಕುನ. ಗರ್ಭಿಣಿಯನ್ನು ಒಂದೆಂದು ಎಣಿಸಬೇಕೋ ಎರಡೆಂದೋ ಎಂಬ ಚರ್ಚೆ, ಆಕೆಯನ್ನು ಹತ್ತಿಸುವುದೇ ಬೇಡ ಎಂಬ ಅತ್ತೆಯ ಒಂದೇ ಮಾತಿಗೆ ನಿಂತುಹೋಗುತ್ತದೆ. ಈ ಇಡೀ ವ್ಯವಹಾರದಲ್ಲಿ ಕೇಳಿಬರುವ ಬುದ್ಧಿಯ ಮಾತು ಅದೊಂದೇ.

ಇಲ್ಲಿ ಒಂದು ಪೂರ್ವಪಕ್ಷವಿದೆ: ಎರಡು ಹರಿಗೋಲು ಮಾಡಿಕೊಂಡರಾಗದೆ? ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ; ದಡದಲ್ಲಿ ಖಾಲಿ ಹರಿಗೋಲುಗಳೂ ಇರುತ್ತವೆ. ಆದರೆ ಎರಡು ಮಾಡಿದೊಡನೆ ಯಾರು ಯಾವುದರಲ್ಲಿ ಎಂದು ಹೇಳಬೇಕಾಗುತ್ತದೆ. ದೊಡ್ಡಪ್ಪನ ಕಡೆಯವರು ಒಂದರಲ್ಲಿ, ಚಿಕ್ಕಪ್ಪನ ಕಡೆಯವರು ಇನ್ನೊಂದರಲ್ಲಿ ಎಂದರೆ ಅದು ನದಿಯ ಮೇಲೆ ನಡೆದ ಮನೆಪಾಲು. ಗಂಡಸರು ಬೇರೆ, ಹೆಂಗಸರು ಬೇರೆ ಎಂದರೆ ಮಕ್ಕಳೆಲ್ಲ ಎರಡನೆಯದಕ್ಕೇ ಹೋಗಿ ಮೊದಲನೆಯದು ಖಾಲಿ ಹೊಡೆಯುತ್ತದೆ. ಬೀಗರನ್ನು ಬೇರೆ ಕೂರಿಸುವಂತೆಯೇ ಇಲ್ಲ. ಆ ಅವಮಾನ ಮುಂದಿನ ಬೀಗರೂಟದ ಬಾಡಿನ ತುಂಡಿನವರೆಗೂ ಹರಿಯುತ್ತದೆ. ನಾಲೆಯ ಪಕ್ಕದ ಗದ್ದೆಗಾಗಿ ಕೋರ್ಟಿನಲ್ಲಿ ವಿಭಾಗದ ದಾವೆ ಹೂಡಿಕೊಂಡು, ಸಂತೆಯಲ್ಲಿ ಎದುರಾದರೆ ಮುಖ ತಿರುಗಿಸುವ ಅಣ್ಣತಮ್ಮಂದಿರೂ ಹರಿಗೋಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು ಇದೇ ಕಾರಣಕ್ಕೆ. ಜಮೀನು ಭಾಗವಾಗಬಹುದು, ಹರಿಗೋಲು ಆಗಬಾರದು. ಆದ್ದರಿಂದ ಸಿದ್ಧಾಂತ: ಒಬ್ಬ ನೆಂಟನನ್ನು ದಡದಲ್ಲಿ ಬಿಡುವುದರಿಂದಾಗುವ ನಷ್ಟ ಎಲ್ಲರೂ ಒಟ್ಟಿಗೆ ಒದ್ದೆಯಾಗುವುದರಿಂದಾಗುವ ನಷ್ಟಕ್ಕಿಂತ ದೊಡ್ಡದು.

ಅಣಕಕ್ಕೆ ಒಗ್ಗದ ಒಂದು ಮಾತನ್ನು ಇಲ್ಲಿ ಸೇರಿಸಲೇಬೇಕು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಜನ ಸತ್ತರು. ಸಂಸಾರಯಾನದಲ್ಲಿ ಲೈಫ್ ಜಾಕೆಟ್ಟನ್ನು ಫೋಟೋ ಮುಗಿಯುವವರೆಗೆ ಹಾಕಿಕೊಂಡು ಆಮೇಲೆ ಸೆಕೆಯೆಂದು ಬಿಚ್ಚಿ, ಅದರ ಮೇಲೇ ಕೂರುವ ಪದ್ಧತಿಗೆ ಶಾಸ್ತ್ರದ ಸಮ್ಮತಿಯಿಲ್ಲ.

ಯಾನದ ನಡುಭಾಗದಲ್ಲಿ ಭಾರಕ್ಕಿಂತ ಅಪಾಯಕರವಾದದ್ದು ಕುತೂಹಲ. ತೂಕ ಸಮನಾಗಿ ಹರಡಿಕೊಂಡಿದ್ದರೆ ಹರಿಗೋಲು ಎಷ್ಟೋ ತಡೆಯುತ್ತದೆ. ಎಲ್ಲರೂ ಒಂದೇ ಬದಿಗೆ ವಾಲಿದರೆ ಅಥವಾ ಎದ್ದು ನಿಂತರೆ ತಡೆಯಲಾರದು. ವಾಲಿಸುವ ವಸ್ತುಗಳಲ್ಲಿ ಮೊಸಳೆ ಶ್ರೇಷ್ಠ. ಅದನ್ನು ನೋಡಲು ರಂಗನತಿಟ್ಟಿಗೆ ಹೋಗಬೇಕು. ಅಲ್ಲಿ ಅರಣ್ಯ ಇಲಾಖೆಯ ದೋಣಿ, ಟಿಕೆಟ್ಟು, ತಲೆ ಎಣಿಕೆ ಎಲ್ಲ ಇರುವುದರಿಂದ ಶುದ್ಧ ಸಂಸಾರಯಾನ ನಡೆಯದು, ಮಿಶ್ರರೂಪ ಮಾತ್ರ ಸಾಧ್ಯ. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಅರಸರ ಮನವೊಲಿಸಿದ್ದರಿಂದ 1940ರಲ್ಲಿ ಈ ತಿಟ್ಟುಗಳು ಪಕ್ಷಿಧಾಮವಾದವು. ಹೆಜ್ಜಾರ್ಲೆ, ಚಮಚ ಕೊಕ್ಕು, ಬಣ್ಣದ ಕೊಕ್ಕರೆ, ನೀರುಕಾಗೆಗಳು ಅಲ್ಲಿ ಒಂದೇ ಮರದ ಮೇಲೆ ಹತ್ತಾರು ಸಂಸಾರ ಹೂಡುತ್ತವೆ. ದೋಣಿಯಲ್ಲಿರುವವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆ ಮಾತ್ರ ಎಲ್ಲರ ಗಮನ ಸೆಳೆಯುತ್ತದೆ. ಅದು ಬಾಯಿ ತೆರೆಯುವುದು ಮೈಯ ಬಿಸಿ ಇಳಿಸಿಕೊಳ್ಳಲು ಎಂದು ಪ್ರಾಣಿಶಾಸ್ತ್ರ ಹೇಳುತ್ತದೆ. ಸೋದರತ್ತೆಯ ಅಭಿಪ್ರಾಯ ಬೇರೆ. “ಅಯ್ಯೋ, ನಮ್ಮನ್ನೇ ಎಣಿಸ್ತಾ ಅದೆ ಕಣವ್ವ” ಎಂದು ಆಕೆ ಕೂಗಿದಾಗ, ಆ ದಿನ ಮೊದಲ ಬಾರಿಗೆ ಯಾರಾದರೂ ಸರಿಯಾಗಿ ಎಣಿಸುತ್ತಿದ್ದಾರೆ ಎಂದು ಅಂಬಿಗನಿಗೆ ಸಮಾಧಾನವಾಗುವುದುಂಟು.

ಸಂಗಮದ ಹರಿಗೋಲಿನಲ್ಲಿ ಮೊಸಳೆಯ ಸ್ಥಾನವನ್ನು ಗಿರಕಿ ತುಂಬುತ್ತದೆ. ಹೊಳೆಯ ನಡುವೆ ಅಂಬಿಗ ಹುಟ್ಟನ್ನು ಒಂದೇ ಬದಿಗೆ ಒತ್ತಿ ಹರಿಗೋಲನ್ನು ಗರಗರನೆ ತಿರುಗಿಸುತ್ತಾನೆ. ಮಕ್ಕಳು ಇನ್ನೊಂದು ಸಲ ಎನ್ನುತ್ತಾರೆ. ಅಜ್ಜಿ ನಿಮಿಷಾಂಬೆಗೆ ಹರಕೆ ಹೊರುತ್ತಾಳೆ. ಪುಳಿಯೋಗರೆಯ ಡಬ್ಬಿಯನ್ನು ತೆರೆಯಲು ಕೆಲವರು ಆರಿಸಿಕೊಳ್ಳುವ ಹೊತ್ತೂ ಇದೇ.

ಇಡೀ ಸೀಮೆಯಲ್ಲಿ ಶಿಸ್ತಿನ ಜಲಯಾನವೆಂದರೆ ತೆಪ್ಪೋತ್ಸವ. ಮೇಲುಕೋಟೆಯ ಕಲ್ಯಾಣಿಯಲ್ಲೂ ಹೇಮಗಿರಿಯ ಹೇಮಾವತಿಯಲ್ಲೂ ದೇವರು ದೇವಿಯರ ಜೊತೆ, ದೀಪ ವಾದ್ಯಗಳ ನಡುವೆ ತೆಪ್ಪದಲ್ಲಿ ಸುತ್ತು ಬರುತ್ತಾನೆ. ಜನ ದಡದಲ್ಲಿ ನಿಂತು ಕೈಮುಗಿಯುತ್ತಾರೆ. ದೇವರ ಕಡೆಯ ನೆಂಟರೆಲ್ಲ ತೆಪ್ಪ ಹತ್ತಲು ಹಟ ಹಿಡಿಯದಿರುವುದಕ್ಕೆ ಕಾರಣ, ಅವರಿಗೆ ಬೇರೆ ಬೇರೆ ಊರುಗಳಲ್ಲಿ ಸ್ವಂತ ತೆಪ್ಪಗಳಿರುವುದು.

ಮುಂಗಾರಿನಲ್ಲಿ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ವಿಹಾರವನ್ನು ನಿಲ್ಲಿಸುತ್ತಾರೆ. ಆಗ ಇದೇ ಜನ ಇದೇ ಸಂಖ್ಯೆಯಲ್ಲಿ ಬೃಂದಾವನದ ಕಾರಂಜಿಯ ಮುಂದೆ ಒಂದೇ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಅದು ಈ ಶಾಸ್ತ್ರದ ವ್ಯಾಪ್ತಿಗೆ ಬಾರದು.

ದಡ ಸೇರಿದ ಮೇಲೆ ಬಾಡಿಗೆಯ ಪ್ರಕರಣ. ಇಬ್ಬರು ಭಾವಮೈದುನರು ಏಕಕಾಲಕ್ಕೆ ಜೇಬಿಗೆ ಕೈಹಾಕಿ, ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು, “ನೀವ್ ಸುಮ್ನಿರಿ ಭಾವ, ನಾ ಕೊಡ್ತೀನಿ” ಎಂದು ಎಳೆದಾಡುತ್ತಾರೆ. ಹರಿಗೋಲು ಹೆಚ್ಚು ಅಲುಗುವುದು ಈ ಘಟ್ಟದಲ್ಲಿ, ಏಕೆಂದರೆ ಇಬ್ಬರೂ ಇನ್ನೂ ಇಳಿದಿರುವುದಿಲ್ಲ. ಎಷ್ಟು ಜನರ ದುಡ್ಡು ಎಂಬ ಮುಂದಿನ ಪ್ರಶ್ನೆ ಬಂದಾಗ ಮಡಿಲ ಮಕ್ಕಳೂ ಸಣಕಲು ಮೈದುನನೂ ಮತ್ತೆ ತೂಕ ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ ದಡದ ಸದಸ್ಯ. ಎಲ್ಲರೂ ಹತ್ತಿದರು ಎಂದಾಗಲೂ ಒಬ್ಬ ಉಳಿದಿರುತ್ತಾನೆ: ಚಪ್ಪಲಿ ಕಾಯುವವನು. ಸಾಮಾನ್ಯವಾಗಿ ಮದುವೆಯಾಗದ ಚಿಕ್ಕಪ್ಪ. ಹರಿಗೋಲಿನಲ್ಲಿ ಎಷ್ಟು ಜನರಿದ್ದರೆಂದು ಖಚಿತವಾಗಿ ಹೇಳಬಲ್ಲವನು ಅವನೊಬ್ಬನೇ, ಏಕೆಂದರೆ ಅವನು ಎಣಿಸುವುದು ತಲೆಗಳನ್ನಲ್ಲ, ಜೋಡಿಗಳನ್ನು. ಇವನನ್ನು ಬಿಟ್ಟು ಹೋದದ್ದು ದಡ ಮುಟ್ಟಿದ ಕೂಡಲೇ ಎಲ್ಲರಿಗೂ ನೋವಾಗಿ ತೋರುತ್ತದೆ, ಮುಖ್ಯವಾಗಿ ಅವನ ಅಕ್ಕನಿಗೆ. ಅವನನ್ನೂ ಒಂದು ಸುತ್ತು ಕರೆದೊಯ್ಯಬೇಕೆಂದು ತೀರ್ಮಾನವಾಗುತ್ತದೆ. ಅವನೊಬ್ಬನೇ ಹೇಗೆ ಹೋಗುತ್ತಾನೆಂದು ಮಕ್ಕಳು ಹತ್ತುತ್ತಾರೆ, ಮಕ್ಕಳನ್ನು ಹಿಡಿದುಕೊಳ್ಳಲು ತಾಯಂದಿರು, ತಾಯಂದಿರಿಗೆ ಧೈರ್ಯಕ್ಕೆಂದು ಗಂಡಂದಿರು. ಈಗ ಚಪ್ಪಲಿ ಕಾಯಲು ಇನ್ನೊಬ್ಬರು ಉಳಿಯಬೇಕು. ಅವರನ್ನು ಬಿಟ್ಟು ಹೋದದ್ದಕ್ಕೆ ಮೂರನೆಯ ಸುತ್ತು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನವಸ್ಥಾ ದೋಷವೆನ್ನುತ್ತಾರೆ. ಅಂಬಿಗರು ಇದನ್ನು ದೋಷವೆಂದು ಒಪ್ಪುವುದಿಲ್ಲ. ಕತ್ತಲಾಗುವವರೆಗೆ ಹುಟ್ಟು ಹಾಕುತ್ತಲೇ ಇರುತ್ತಾರೆ.