ಆಂಗ್ಲ ಶಿಶುವಾಚಕಗಳು: ಲಕ್ಷಣ, ವ್ಯಾಪ್ತಿ, ಅಪವಾದ

ಇಂಗ್ಲಿಷಿನಲ್ಲಿ ಸಣ್ಣ ಮಕ್ಕಳಿಗಿರುವ ಹೆಸರುಗಳನ್ನು ಒಟ್ಟಾಗಿ ಶಿಶುವಾಚಕಗಳೆನ್ನಬಹುದು. ಇನ್‌ಫೆಂಟ್, ಬೇಬಿ, ಟಾಡ್ಲರ್, ಚೈಲ್ಡ್, ಕಿಡ್, ಟಾಟ್, ಬ್ರ್ಯಾಟ್ ಇವುಗಳಲ್ಲಿ ಮುಖ್ಯ. ಸ್ಕಾಟ್ಲೆಂಡಿನ ಬೇರ್ನ್, ಗ್ಲಾಸ್ಗೋ ಸೀಮೆಯ ವೇನ್ ಮೊದಲಾದವು ಪ್ರಾಂತೀಯ. ವಯಸ್ಸನ್ನು ನೋಡಿ ಇವನ್ನು ಸಾಲಾಗಿ ಜೋಡಿಸಬಹುದೆಂದು ಭಾಷೆ ಕಲಿಯುವವರು ನಂಬಿರುತ್ತಾರೆ. ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ಮಗುವಿಗೆ ಯಾವ ಪದ ಸಲ್ಲಬೇಕೆಂದು ತೀರ್ಮಾನಿಸುವವರು ಅದರ ಎದುರು ನಿಂತ ಡಾಕ್ಟರು, ಟಿಕೆಟಿನವರು, ಮೇಷ್ಟ್ರು, ಜಡ್ಜು ಅಥವಾ ನೆರೆಮನೆಯವರು.

ಇದಕ್ಕೆ ಪ್ರಧಾನ ನಿದರ್ಶನ ಇನ್‌ಫೆಂಟ್. ಲ್ಯಾಟಿನ್ ಮೂಲದಲ್ಲಿ ಇದರರ್ಥ ಮಾತು ಬಾರದ್ದು. ಶಿಶುಮರಣದ ಲೆಕ್ಕ ಬರೆಯುವ ವೈದ್ಯಶಾಸ್ತ್ರಕ್ಕೆ ಇನ್‌ಫೆಂಟ್ ಒಂದು ವರ್ಷಕ್ಕೆ ಮುಗಿಯುತ್ತದೆ. ವಿಮಾನ ಕಂಪನಿಗಳಿಗೆ ಎರಡು ವರ್ಷ. ಅಲ್ಲಿಯವರೆಗೆ ಅದಕ್ಕೆ ಪ್ರತ್ಯೇಕ ಸೀಟಿಲ್ಲ, ತೊಡೆಯೇ ಸೀಟು. ಹುಟ್ಟುಹಬ್ಬ ಪ್ರವಾಸದ ನಡುವೆ ಬಿದ್ದರೆ ಹೋಗುವಾಗ ಇನ್‌ಫೆಂಟ್ ಆಗಿದ್ದದ್ದು ಬರುವಾಗ ಚೈಲ್ಡ್ ಆಗಿ ದುಡ್ಡು ತೆತ್ತು ಬರುತ್ತದೆ. ಇಂಗ್ಲೆಂಡಿನ ಇನ್‌ಫೆಂಟ್ ಶಾಲೆಯಲ್ಲಿ ಏಳು ವರ್ಷದವರೆಗೂ ಈ ಪದವಿ ಉಂಟು. ಅಲ್ಲಿ ಒಬ್ಬ ಶಿಕ್ಷಕರಿಗೆ 30ಕ್ಕಿಂತ ಹೆಚ್ಚು ಮಕ್ಕಳಿರಬಾರದೆಂದು ಕಾನೂನಿದೆ. ಮಾತು ಬಾರದ ಮೂವತ್ತು ಮಂದಿ ಏಕಕಾಲಕ್ಕೆ ಮಾತಾಡಿದರೆ ಏನಾಗುತ್ತದೆಂಬುದನ್ನು ಶಾಸಕರು ಬಲ್ಲವರಾಗಿದ್ದಿರಬೇಕು.

ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಂತೂ ಶೈಶವ ತುಂಬಿ ತುಳುಕುತ್ತಿತ್ತು: 21 ತುಂಬುವವರೆಗೆ ಪ್ರತಿಯೊಬ್ಬರೂ ಇನ್‌ಫೆಂಟ್. 1908ರಲ್ಲಿ ತೀರ್ಪಾದ ನ್ಯಾಶ್ ವಿರುದ್ಧ ಇನ್ಮನ್ ಮೊಕದ್ದಮೆಯ ಶಿಶು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದುತ್ತಿತ್ತು. ಲಂಡನ್ನಿನ ಸ್ಯಾವಿಲ್ ರೋ ದರ್ಜಿಯೊಬ್ಬರಿಂದ ಅದು ಸಾಲಕ್ಕೆ ಬಟ್ಟೆ ತರಿಸಿತು. ಅದರಲ್ಲಿ ಹನ್ನೊಂದು ಬೆಡಗಿನ ವೇಸ್ಟ್‌ಕೋಟುಗಳು. ಬಿಲ್ಲು ನೂರು ಪೌಂಡು ದಾಟಿತು. ಶಿಶುವಿನಿಂದ ಹಣ ವಸೂಲಾಗಬೇಕಾದರೆ ಮಾರಿದ್ದು ಜೀವನಾವಶ್ಯಕ ವಸ್ತು ಎಂದು ಮಾರಿದವರೇ ರುಜುವಾತು ಮಾಡಬೇಕಿತ್ತು. ಹುಡುಗನಿಗೆ ಬೇಕಾದಷ್ಟು ಬಟ್ಟೆ ಮೊದಲೇ ಇತ್ತು ಎಂದು ತಂದೆ ಸಾಕ್ಷಿ ನುಡಿದರು. ದರ್ಜಿ ಸೋತರು. ಕಾನೂನು ವಿದ್ಯಾರ್ಥಿಗಳು ಇಂದಿಗೂ ಈ ತೀರ್ಪನ್ನು ಬಾಯಿಪಾಠ ಮಾಡುತ್ತಾರೆ. ದರ್ಜಿಗಳು ಮಾಡುತ್ತಾರೋ ತಿಳಿಯದು.

ಅದೇ 1908ರಲ್ಲಿ ಬಂದ ಮಕ್ಕಳ ಕಾಯ್ದೆ ಚೈಲ್ಡ್ ಎಂದರೆ 14 ತುಂಬದವರು ಎಂದು ನಿರೂಪಿಸಿತು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಆ ಕಾಲದ ಆಂಗ್ಲ ಮಾನವನ ಬೆಳವಣಿಗೆ ಸ್ಪಷ್ಟವಾಗುತ್ತದೆ: ಆತ ಹದಿನಾಲ್ಕಕ್ಕೆ ಬಾಲ್ಯ ಮುಗಿಸುತ್ತಿದ್ದ, ಶೈಶವ ಮುಗಿಸಲು ಇನ್ನೂ ಏಳು ವರ್ಷ ಕಾಯುತ್ತಿದ್ದ. 1969ರ ಕುಟುಂಬ ಕಾನೂನು ಸುಧಾರಣಾ ಕಾಯ್ದೆ ಈ ಸೊಗಸನ್ನು ಕೆಡಿಸಿತು. ಅದು ಜಾರಿಯಾದದ್ದು 1970ರ ಜನವರಿ 1ರಂದು. ಹಿಂದಿನ ರಾತ್ರಿ ಶಿಶುಗಳಾಗಿ ಮಲಗಿದ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತರ ಪ್ರಾಯದವರೆಲ್ಲ ಬೆಳಗ್ಗೆ ವಯಸ್ಕರಾಗಿ ಎದ್ದರು. ಆ ವರ್ಷವೇ ಶಿಶುವಾಚಕಗಳಿಗೆ ಕೇಡುಗಾಲವಾಗಿತ್ತು. ಟಾಟ್ ಎಂದರೆ ಪುಟಾಣಿ, ಜೊತೆಗೆ ಒಂದು ಗುಟುಕು ಮದ್ಯ ಕೂಡ. ಬ್ರಿಟಿಷ್ ನೌಕಾಪಡೆ ನಾವಿಕರಿಗೆ ದಿನವೂ ಕೊಡುತ್ತಿದ್ದ ರಮ್ಮಿನ ಟಾಟ್ ಜುಲೈ 31ಕ್ಕೆ ರದ್ದಾಯಿತು. ನಾವಿಕರು ಅದಕ್ಕೆ ಶೋಕಾಚರಣೆಯನ್ನೇ ಮಾಡಿದರು.

ಶೈಶವ ಮುಗಿಯದ ಒಂದು ವರ್ಗವೂ ಇದೆ. ಇನ್‌ಫೆಂಟ್‌ನ ಒಡಹುಟ್ಟಾದ ಇನ್‌ಫಾಂಟಾ ಸ್ಪೇನಿನ ರಾಜಕುಮಾರಿಯರ ಬಿರುದು. 1963ರಲ್ಲಿ ಹುಟ್ಟಿದ ಎಲೆನಾ ಅರವತ್ತು ದಾಟಿದರೂ ಇನ್‌ಫಾಂಟಾ.

ಟಾಡ್ಲರ್ ನಡಿಗೆಯಿಂದ ಬಂದ ಹೆಸರು. ತಪ್ಪುಹೆಜ್ಜೆ ಇಡುವುದು ಎಂದರ್ಥ. ಸರಿಸುಮಾರು ಒಂದರಿಂದ ಮೂರು ವರ್ಷದವರೆಗಿನ ಈ ಪ್ರಭೇದದ ಕಾಲುಗಳು ಅಗಲ, ಕೈಗಳು ಮೇಲೆ. ಹೊರಡುವುದು ಗೊತ್ತು, ನಿಲ್ಲುವುದು ಗೊತ್ತಿಲ್ಲ. ಆದ್ದರಿಂದ ನಿಲುಗಡೆಗೆ ಗೋಡೆ, ಸೋಫಾ ಅಥವಾ ಅಜ್ಜನ ಪಂಚೆ ಬಳಕೆಯಾಗುತ್ತದೆ. ಇದರ ವಯಸ್ಸನ್ನು ತಾಯಂದಿರು ತಿಂಗಳಲ್ಲಿ ಹೇಳುತ್ತಾರೆ. ಇಪ್ಪತ್ತೇಳು ತಿಂಗಳು ಎಂದಾಗ ಕೇಳಿದವರು ಮನಸ್ಸಿನಲ್ಲೇ ಭಾಗಾಕಾರ ಮಾಡಿ, ಅಷ್ಟರಲ್ಲಿ ಮಗು ಎಲ್ಲಿಗೆ ಹೋಯಿತೆಂದು ಹುಡುಕಬೇಕಾಗುತ್ತದೆ.

ಕಿಡ್ ಎಂದರೆ ಮೂಲತಃ ಮೇಕೆಮರಿ. ಮಕ್ಕಳನ್ನು ಮುದ್ದಿನಿಂದ ಮರಿ ಎನ್ನುವ ಕನ್ನಡಿಗರು ಇದನ್ನು ಆಕ್ಷೇಪಿಸುವಂತಿಲ್ಲ. ಆದರೆ 1840ರಲ್ಲಿ ಜರ್ಮನಿಯ ಫ್ರೋಬೆಲ್ ಶಾಲೆಗೆ ಮಕ್ಕಳ ತೋಟವೆಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟರು. ಇಂಗ್ಲಿಷರು ಹಿಂದುಮುಂದು ನೋಡದೆ ಮೇಕೆಮರಿಗಳನ್ನು ಆ ತೋಟಕ್ಕೆ ಬಿಟ್ಟರು. ಎಲ್‌ಕೆಜಿ ಕೋಣೆಯನ್ನು ಸಂಜೆ ಹೊತ್ತು ಕಂಡವರಿಗೆ ಫಲಿತಾಂಶ ವಿವರಿಸಬೇಕಿಲ್ಲ.

ಸಂದರ್ಭಾನುಸಾರ ಪದ ಬದಲಾಗುವುದಕ್ಕೆ ಕ್ರಿಕೆಟ್ ಚೆಂಡು ತಗುಲಿದ ಕಿಟಕಿ ಗಾಜು ಒಳ್ಳೆಯ ಪ್ರಮಾಣ. ಆಟ ನೋಡುತ್ತಿದ್ದವರ ಬಾಯಲ್ಲಿ ಒಂಬತ್ತರ ಹುಡುಗ ಕಿಡ್. ಗಾಜು ಒಡೆಸಿಕೊಂಡ ಮನೆಯವರ ಪಾಲಿಗೆ ಅವನೇ ಬ್ರ್ಯಾಟ್. ಗಾಜಿನ ದುಡ್ಡು ಕೇಳಿದಾಗ ಅವನ ಅಪ್ಪನ ಬಾಯಲ್ಲಿ ಅವನು ಇನ್ನೂ ಬೇಬಿ.

ವ್ಯಾಕರಣದ ಎರಡು ವಿಶೇಷಗಳು ಉಳಿದಿವೆ. ಚಿಲ್ಡ್ರನ್ ಎಂಬ ರೂಪದಲ್ಲಿ ಬಹುವಚನ ಎರಡು ಸಲ ಸೇರಿದೆ: ಚಿಲ್ಡರ್ ಎಂಬ ಹಳೆಯ ಬಹುವಚನಕ್ಕೆ ಇನ್ನೊಂದು ಪ್ರತ್ಯಯ ಅಂಟಿತು. ಕನ್ನಡದಲ್ಲಿ ಮಕ್ಕಳುಗಳು ಎಂದು ಬರೆದವರಿಗೆ ಮೇಷ್ಟ್ರು ಕೆಂಪು ಶಾಯಿ ಹಾಕುತ್ತಾರೆ. ಇಂಗ್ಲಿಷ್ ಅದನ್ನೇ ಶಿಷ್ಟರೂಪ ಮಾಡಿಕೊಂಡಿದೆ. ಎಣಿಸಿದವರಿಗೆ ಒಂದು ಬಹುವಚನ ಸಾಲದಷ್ಟು ಗದ್ದಲವಿತ್ತೆಂದು ಊಹಿಸಬಹುದು. ಎರಡನೆಯದು ಲಿಂಗ. ಇಂಗ್ಲಿಷಿನಲ್ಲಿ ಹುಟ್ಟಿದ ಕೂಸನ್ನು ಅದು ಎನ್ನಬಹುದು, ಆದರೆ ಗಂಡೋ ಹೆಣ್ಣೋ ಎಂದು ಕೇಳುವ ತನಕ ಮಾತ್ರ. ಉತ್ತರ ಬಂದ ಮೇಲೂ ಅದು ಎಂದವರಿಗೆ ತಾಯಿ ಕಾಫಿ ಕೊಡುವುದು ಅನುಮಾನ. ಕನ್ನಡದ ತಾಯಿಗೆ ಈ ಬಾಧೆಯಿಲ್ಲ. ಮಗು ಅತ್ತಿತು, ಹಾಲು ಕುಡಿಯಿತು, ಕಕ್ಕಿತು ಎಂದು ಆಕೆಯೇ ಸಾರುತ್ತಾಳೆ.

ಕರ್ನಾಟಕದಲ್ಲಿ ಈ ಪದಗಳು ನೆಲೆಸಿದ ಬಗೆ ಬೇರೆ. ಬೇಬಿ ಸಿಟ್ಟಿಂಗ್ ಇಂಗ್ಲಿಷಿನಲ್ಲಿ ಒಂದು ಕೆಲಸ, ಬೆಂಗಳೂರಿನಲ್ಲಿ ಬೋರ್ಡು ತೂಗುಹಾಕಿದ ಒಂದು ಜಾಗ. ನರ್ಸರಿ ಎಂದು ಬರೆದ ಗೇಟು ತೆರೆದರೆ ಒಳಗೆ ಗುಲಾಬಿ ಸಸಿ ಇರಬಹುದು, ಸಿಂಬಳ ಸುರಿಸುವ ಮಕ್ಕಳೂ ಇರಬಹುದು. ಬಾಲಕರಿಗೆ ಇಂಗ್ಲಿಷರು ಗೌರವದಿಂದ ಹಚ್ಚುತ್ತಿದ್ದ ಮಾಸ್ಟರ್ ಸಿನಿಮಾ ಟೈಟಲ್ ಕಾರ್ಡಿಗೆ ಬಂತು. ಬಾಲನಟ ಪುನೀತ್ ಮಾಸ್ಟರ್ ಲೋಹಿತ್ ಆದರು, ಶ್ಯಾಮಿಲಿ ಬೇಬಿ ಆದರು. ಮೀಸೆ ಬಂದಾಗ ಮಾಸ್ಟರ್ ಉದುರಬೇಕೆಂಬುದು ಆಂಗ್ಲ ನಿಯಮ. ಕನ್ನಡ ರಂಗಭೂಮಿ ಅದನ್ನು ಒಪ್ಪಲಿಲ್ಲ. ‘ಲಂಚಾವತಾರ’ ನಾಟಕದ ಮಾಸ್ಟರ್ ಹಿರಣ್ಣಯ್ಯ 2019ರಲ್ಲಿ ತೀರಿಕೊಂಡಾಗ ಅವರಿಗೆ 85 ವರ್ಷ, ಹೆಸರಿನ ಹಿಂದಿನ ಮಾಸ್ಟರ್ ಇದ್ದಲ್ಲೇ ಇತ್ತು.