ಏರ್‌ಪೋರ್ಟ್ ಭಾವ

"ಅಳಿಯಂದ್ರೇ, ಒಂಚೂರು..." ಎಂದು ಅಮ್ಮ ಬಾಯಿ ತೆರೆಯುವಷ್ಟರಲ್ಲಿ ನಮ್ಮ ಭಾವ "15 ಕೆಜಿ ಅಷ್ಟೇ ಅತ್ತೆ" ಎಂದುಬಿಟ್ಟರು. ಅಮ್ಮ ಕೇಳಲು ಹೊರಟಿದ್ದು ಒಂಚೂರು ಸಾರು ಬಡಿಸಲಾ ಎಂದು. ದೆಹಲಿಯಿಂದ ಬಂದಿಳಿದ ದಿನದಿಂದ ವಾಪಸು ಹೊರಡುವವರೆಗೂ ಭಾವನ ತಲೆಯಲ್ಲಿ ಓಡುವುದು ಒಂದೇ ಲೆಕ್ಕ. ವಿಮಾನದ ಹೊಟ್ಟೆಗೆ ಹಾಕುವುದಕ್ಕೆ 15 ಕೆಜಿ, ಕೈಯಲ್ಲಿ ಹಿಡಿಯುವುದಕ್ಕೆ 7. ಅದರ ಮೇಲೆ ಒಂದು ನಿಪ್ಪಟ್ಟು ಜಾಸ್ತಿಯಾದರೂ ವಿಮಾನ ನಂದಿಬೆಟ್ಟ ಎಡವಿ ಬೀಳುತ್ತದೆ ಎನ್ನುವ ಹಾಗೆ ಆಡುತ್ತಾರೆ.

ಇಂಥವರೊಬ್ಬರು ನಿಮ್ಮ ಮನೆಯಲ್ಲೂ ಇರಬೇಕು. ಊರಲ್ಲಿ ಹತ್ತು ದಿನ ಇದ್ದು, ಕೊಟ್ಟಿದ್ದನ್ನೆಲ್ಲ ಬೇಡ ಬೇಡ ಎಂದು ತಳ್ಳಿ, ಕಡೆಗೆ ವಿಮಾನ ಹೊರಡಲು ಮುಕ್ಕಾಲು ಗಂಟೆ ಇದೆ ಎನ್ನುವಾಗ ಏರ್‌ಪೋರ್ಟ್ ಅಂಗಡಿಯಲ್ಲಿ ನಿಂತು "ನಮ್ಮ ಕಡೆಯದು ಏನಾದರೂ" ಹುಡುಕುವ ಜನ. ಗಂಡಸರೇ ಹೆಚ್ಚು. ಹೆಂಗಸರು ಹುಣಸೆಹಣ್ಣಿನ ಉಂಡೆಯನ್ನು ಹಳೇ ಸೀರೆಯಲ್ಲಿ ಸುತ್ತಿ ತಣ್ಣಗೆ ತೆಗೆದುಕೊಂಡು ಹೋಗಿಬಿಡುತ್ತಾರೆ. ಭಾವ ಬರುವಾಗಲೂ ಇದೇ ಕ್ರಮ. ದೆಹಲಿ ಏರ್‌ಪೋರ್ಟಿನಲ್ಲಿ ಕೊಂಡ ಸೋನ್‌ಪಾಪ್ಡಿ ಡಬ್ಬಿಯನ್ನು ಅಮ್ಮನ ಕೈಗಿಟ್ಟು "ಅಲ್ಲಿನ ಸ್ಪೆಷಲ್ಲು ಅತ್ತೆ" ಎನ್ನುತ್ತಾರೆ. ನಮ್ಮ ಬಸ್‌ಸ್ಟ್ಯಾಂಡ್ ಬೇಕರಿಯಲ್ಲಿ ಅದೇ ಡಬ್ಬಿ ಗೋಡೆಯ ಹಾಗೆ ಜೋಡಿಸಿದೆ. ಅಮ್ಮ ಏನೂ ಹೇಳುವುದಿಲ್ಲ, ಅಳಿಯ.

ಭಾವನ ಕಷ್ಟವನ್ನೂ ಹೇಳಬೇಕು. ಅವರು ಹುಟ್ಟಿದ್ದು ಗೌರಿಬಿದನೂರು, ತಂಗಿಯನ್ನು ಕೊಟ್ಟಿರುವುದು ಚಿಂತಾಮಣಿಗೆ, ಹೆಣ್ಣು ತಂದದ್ದು ನಮ್ಮ ಶಿಡ್ಲಘಟ್ಟದಿಂದ. ದೆಹಲಿಯ ಕಚೇರಿಯಲ್ಲಿ ಈ ಮೂರರ ಹೆಸರನ್ನೂ ಯಾರೂ ಕೇಳಿಲ್ಲ. 2007ರವರೆಗೆ ನಾವೆಲ್ಲ ಕೋಲಾರ ಜಿಲ್ಲೆ. ಕೋಲಾರ ಎಂದರೆ ಎದುರಿನವರು "ಸೋನಾ?" ಎಂದು ಹುಬ್ಬೇರಿಸುತ್ತಿದ್ದರು, ಅಷ್ಟಾದರೂ ಮರ್ಯಾದೆ ಇತ್ತು. ಜಿಲ್ಲೆ ಒಡೆದು ಚಿಕ್ಕಬಳ್ಳಾಪುರವಾದ ಮೇಲೆ ಆ ಚಿನ್ನವೂ ಹೋಯಿತು. ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದಲ್ಲಿ ಕನ್ನಡದವರೇ ಕೇಳಿದರೂ ಭಾವ "ನಂದಿಬೆಟ್ಟದ ಹತ್ತಿರ" ಎನ್ನುತ್ತಿದ್ದರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ್ದೇ ಅವರ ವಿಳಾಸ ಬದಲಾಯಿತು. ಈಗ "ಏರ್‌ಪೋರ್ಟ್ ಹತ್ತಿರ".

ಇದರಲ್ಲಿ ಅವರೊಬ್ಬರ ತಪ್ಪೇನಿಲ್ಲ. ನಮ್ಮ ಕಡೆ ಸೈಟು ಮಾರುವವರ ಬೋರ್ಡು ನೋಡಿ: ಎಲ್ಲ ಊರೂ ಏರ್‌ಪೋರ್ಟಿನಿಂದ ಕೇವಲ 30 ನಿಮಿಷ. ಆ ಲೆಕ್ಕ ನಿಜವಾಗಬೇಕಾದರೆ ಚಿಂತಾಮಣಿಯವರು ಏರ್‌ಪೋರ್ಟಿಗೇ ವಿಮಾನದಲ್ಲಿ ಹೋಗಬೇಕು.

ಹೋದ ಜನವರಿಯಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥ ದೆಹಲಿಯಲ್ಲಿ. ನೆಂಟರನ್ನು ಕರೆಯಲು ಭಾವ ಒಬ್ಬರೇ ಬಂದಿದ್ದರು. ವಾಪಸು ಹೋಗುವಾಗ ನಾನೂ ಜೊತೆಗೆ ಹೊರಡುವುದೆಂದಾಗಿತ್ತು. ಹೀಗಾಗಿ ಅವರ ತಿರುಗಾಟವನ್ನು ಮೊದಲಿನಿಂದ ಕೊನೆಯವರೆಗೆ ಹತ್ತಿರದಿಂದ ನೋಡುವ ಭಾಗ್ಯ ನನ್ನದಾಯಿತು.

ಗೌರಿಬಿದನೂರಿನ ಚಿಕ್ಕಮ್ಮ ನಮ್ಮನ್ನು ವಿದುರಾಶ್ವತ್ಥಕ್ಕೆ ಎಳೆದುಕೊಂಡು ಹೋದರು. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಇಲ್ಲೇ ಎಂದು, ಹುಟ್ಟಿದಾಗಿನಿಂದ ಕೇಳಿ ಬೆಳೆದ ಭಾವನಿಗೆ ಮತ್ತೊಮ್ಮೆ ಹೇಳಿದರು. "ಡೆಲ್ಲಿಯಲ್ಲಿ ಇದನ್ನ ನಾಲ್ಕು ಜನಕ್ಕೆ ಹೇಳೋ" ಎಂದರು. "ಹೇಳ್ತೀನಿ ಚಿಕ್ಕಮ್ಮ, ಅದಕ್ಕೇನು, ತೂಕ ಇಲ್ಲವಲ್ಲ" ಎಂದರು ಭಾವ. ತೂಕವಿದ್ದ ಮೂರು ಕೆಜಿ ಕಡಲೆಕಾಯಿಯನ್ನು ಅಲ್ಲೇ ಜಗಲಿ ಮೇಲೆ ಬಿಟ್ಟು ಬಂದರು.

ಚಿಂತಾಮಣಿಯ ತಂಗಿ ಬೀಜ, ನಾರು ಎಲ್ಲ ಬಿಡಿಸಿ ಉಪ್ಪು ಹಾಕಿ ಉಂಡೆ ಕಟ್ಟಿದ ಹುಣಸೆಹಣ್ಣು ಇಟ್ಟುಕೊಂಡಿದ್ದಳು. "ಸೆಕ್ಯೂರಿಟಿಯವರು ಇದೇನು ಅಂತ ಕೇಳಿದರೆ ನಾನೇನಮ್ಮ ಹೇಳಲಿ?" "ಹುಣಸೆಹಣ್ಣು ಅನ್ನು." "ಅವರು ನಂಬಬೇಕಲ್ಲ?" ಕೈವಾರದ ಪ್ರಸಾದವನ್ನು ಮಾತ್ರ ಬೇಡ ಎನ್ನುವ ಧೈರ್ಯ ಬರಲಿಲ್ಲ, ತಾತಯ್ಯನ ಭಯ. ಕಾರಿನಲ್ಲೇ ತಿಂದು ಮುಗಿಸಿದರು. ಚಿಕ್ಕಬಳ್ಳಾಪುರದ ಗೆಳೆಯರ ತೋಟದ ಬೆಂಗಳೂರು ನೀಲಿ ದ್ರಾಕ್ಷಿ, 2013ರಲ್ಲಿ ಭೌಗೋಳಿಕ ಗುರುತು ಸಿಕ್ಕ ಹಣ್ಣು, "ಅಲ್ಲಿಗೆ ಹೋಗೋ ಹೊತ್ತಿಗೆ ಜ್ಯೂಸು" ಎಂಬ ಒಂದೇ ಮಾತಿಗೆ ಬಿದ್ದುಹೋಯಿತು. ಒಣಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲವೆಂದು ಅವರು ಯಾವತ್ತೋ ಓದಿದ್ದಾರೆ, ಎಣ್ಣೆಯಂಶಕ್ಕೆ ಹೊತ್ತಿಕೊಳ್ಳುತ್ತದಂತೆ. ಅಂದಿನಿಂದ ಅವರೆಕಾಳು, ಕರ್ಜಿಕಾಯಿ, ಚಟ್ನಿಪುಡಿ ಎಲ್ಲವೂ ಅವರ ದೃಷ್ಟಿಯಲ್ಲಿ ಸಿಡಿಮದ್ದು.

ಕೊನೆಯ ಸರದಿ ನನ್ನದು. ನಾನು ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆಸುವವನು, ರೀಲರ್. ಬೆಳಗಾದರೆ ಗೂಡಿನ ಮಾರ್ಕೆಟ್ಟಿನಲ್ಲಿ ಜಾಲರಿಗೆ ಕೈಹಾಕಿ, ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಗೊಣಗಿಕೊಂಡು ಹರಾಜು ಕೂಗುತ್ತಿದ್ದವನು, ಈಗ ಮೊಬೈಲಿನಲ್ಲಿ ಒತ್ತುತ್ತೇನೆ. ಸಚಿವರು ಬಂದರೆ ನಮ್ಮೂರಲ್ಲಿ ರೇಷ್ಮೆಗೂಡಿನ ಹಾರ ಹಾಕುವುದು ವಾಡಿಕೆ. ಅಂಥದ್ದೊಂದು ಹಾರ ಕಟ್ಟಿಸಿ ಭಾವನಿಗೆ ಕೊಟ್ಟೆ, ಕಾಲು ಕೆಜಿಯೂ ಬರಲಿಕ್ಕಿಲ್ಲ. ಭಾವ ಮೂಗಿನ ಹತ್ತಿರ ಹಿಡಿದು, ಬೇಗ ದೂರ ಹಿಡಿದರು. "ಹುಳದ ವಾಸನೆ ಕಣಪ್ಪ. ಅಲ್ಲಿ ಇದನ್ನ ಯಾರ ಕುತ್ತಿಗೆಗೆ ಹಾಕಲಿ?" ವಾಸನೆಯ ಮಾತು ಸುಳ್ಳಲ್ಲ. ನಮಗೆ ಗೊತ್ತಾಗುವುದಿಲ್ಲ, ಅಷ್ಟೆ.

ಹೊರಡುವ ಬೆಳಿಗ್ಗೆ ಕೊಕ್ಕೆ ತಕ್ಕಡಿಗೆ ಸೂಟ್‌ಕೇಸು ನೇತುಹಾಕಿದರೆ 11 ಕೆಜಿ ತೋರಿಸಿತು. "ಇನ್ನೂ ನಾಲ್ಕು ಕೆಜಿ ಐತಲ್ಲಾ ಭಾವ" ಎಂದೆ. "ಇರಲಿ, ಮಾರ್ಜಿನ್" ಎಂದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಆ ಮಾತು ಕೇಳಿಸಿಕೊಂಡು ಒಳಗೆ ಹೋದರು. ನಾನು ಅದನ್ನು ಗಮನಿಸಬೇಕಿತ್ತು.

ಏರ್‌ಪೋರ್ಟಿನಲ್ಲಿ 108 ಅಡಿಯ ಕೆಂಪೇಗೌಡರ ಫೋಟೋ ಹೊಡೆದು, ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿಯ ಕೆಳಗೆ ಕತ್ತೆತ್ತಿಕೊಂಡು ನಡೆದು, ಸೆಕ್ಯೂರಿಟಿಗೆ ಬಂದೆವು. ಭಾವನ ಕೈಚೀಲ ಮೆಷಿನ್ನಿನೊಳಗೆ ಹೋಯಿತು, ನಿಂತಿತು, ಹಿಂದಕ್ಕೆ ಬಂದು ಮತ್ತೆ ಹೋಯಿತು. "ಯೇ ಬ್ಯಾಗ್ ಕಿಸ್ಕಾ ಹೈ?" ಭಾವನ ಮುಖ ಬಿಳುಚಿಕೊಂಡಿತು. ಚೀಲದ ತಳದಲ್ಲಿ, ಅವರದೇ ಟವೆಲಿನಲ್ಲಿ ಸುತ್ತಿದ, ಅವರು ಕಂಡೇ ಇರದ ಒಂದು ಪೊಟ್ಟಣ. ಬಿಚ್ಚಿದರೆ ಕಂದು ಬಣ್ಣದ ನುಣುಪು ಪುಡಿ. ಹುರಿಹಿಟ್ಟು.

ದೆಹಲಿಯಲ್ಲಿ ಇಪ್ಪತ್ತೆರಡು ವರ್ಷ ಹಿಂದಿಯಲ್ಲಿ ಫೈಲು ನಡೆಸಿದವರಿಗೆ ಆ ಗಳಿಗೆಯಲ್ಲಿ ಹಿಂದಿ ಕೈಕೊಟ್ಟಿತು. "ಯೇ... ರಾಗಿ... ಅರಳಿಸಿ, ಹುರಿದು... ಭೂನ್‌ಕೇ... ಆಟಾ..." ಎಂದು ಗಾಳಿಯಲ್ಲಿ ಬೀಸುಕಲ್ಲು ತಿರುಗಿಸಿ ತೋರಿಸಿದರು. ಜವಾನ ಬಿಹಾರದ ಕಡೆಯವನಿರಬೇಕು. ಪೊಟ್ಟಣಕ್ಕೆ ಮೂಗು ಹಿಡಿದು, ಮುಖ ಅರಳಿಸಿ, "ಅರೇ, ಸತ್ತು!" ಎಂದ. ಪಕ್ಕದವನಿಗೂ ಮೂಸಿಸಿದ. ಬೆಲ್ಲ ಹಾಕಿ ಕಲೆಸುತ್ತೀರೋ ಉಪ್ಪು ಹಾಕಿಯೋ ಎಂದು ವಿಚಾರಿಸಿದ. ಹಿಂದಿನ ಸಾಲು ಬೆಳೆಯುತ್ತಿತ್ತು. "ಮಾ ನೇ ದಿಯಾ?" ಎಂದು ಕೇಳಿ, ತಾನೇ ಟವೆಲು ಸುತ್ತಿ, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ವಾಪಸು ಕೊಟ್ಟ.

ಇಷ್ಟಾದ ಮೇಲಾದರೂ ಭಾವ ನೇರ ಗೇಟಿಗೆ ಹೋಗಿ ಕೂರಬಹುದಿತ್ತು. ಆದರೆ ಅಂಗಡಿ ಸಾಲು ಕಂಡಿದ್ದೇ ಅವರ ನಡಿಗೆ ನಿಧಾನವಾಯಿತು. ಜೇಬಿನಿಂದ ಚೀಟಿ ಹೊರಬಂತು. ಸೆಕ್ಷನ್ ಆಫೀಸರು, ಎದುರುಮನೆಯ ಪಂಜಾಬಿ ಆಂಟಿ, ಮೇಲಿನ ಮನೆಯ ಬಂಗಾಳಿ ದಂಪತಿ, ಡ್ರೈವರು, ಬೀಗರಾಗಲಿರುವವರು. "ಊರಿಗೆ ಹೋಗಿ ಬಂದರೆ ಎಲ್ಲ ಕೇಳ್ತಾರೆ ಕಣಪ್ಪ, ಬ್ಯಾಂಗ್ಲೋರ್ ಸೇ ಕ್ಯಾ ಲಾಯೇ ಅಂತ. ಖಾಲಿ ಕೈಯಲ್ಲಿ ಹೇಗೆ ಹೋಗೋದು?"

ಫ್ರಿಜ್ಜಿಗೆ ಅಂಟಿಸುವ ವಿಧಾನಸೌಧ, ಅಂಗೈಯಗಲದ ಆಟೋ, ಕಾಫಿ ಲೋಟದ ಚಿತ್ರವಿರುವ ಚೀಲ, ಚನ್ನಪಟ್ಟಣದ ಗೊಂಬೆ, ಕೊಡಗಿನ ಕಾಫಿ, ಮೈಸೂರು ಪಾಕು. ದೇವನಹಳ್ಳಿಯ ಚಕ್ಕೋತಕ್ಕೂ ಭೌಗೋಳಿಕ ಗುರುತು ಇದೆ, ನಾವು ನಿಂತಿದ್ದದ್ದು ಅದೇ ದೇವನಹಳ್ಳಿಯ ನೆಲದಲ್ಲಿ. ಒಂದು ಹಣ್ಣೂ ಕಣ್ಣಿಗೆ ಬೀಳಲಿಲ್ಲ. ರೇಷ್ಮೆ ಸೀರೆಯ ಮುಂದೆ ಭಾವ ಎರಡು ನಿಮಿಷ ಭಕ್ತಿಯಿಂದ ನಿಂತರು. ಬೆಲೆಚೀಟಿ ತಿರುಗಿಸಿ ನೋಡಿ "ನಿಮ್ಮಕ್ಕನಿಗೆ ಆ ಬಣ್ಣ ಒಪ್ಪಲ್ಲ" ಎಂದರು. ಅಲ್ಲಿ ಹನ್ನೆರಡು ಬಣ್ಣ ಇದ್ದವು.

ಶ್ರೀಗಂಧದ ಸೋಪಿನ ಡಬ್ಬಿಗಳನ್ನು ಎತ್ತಿ ಎತ್ತಿ ಬುಟ್ಟಿಗೆ ಹಾಕಿದರು. ಇದಕ್ಕೆ ನಾನು ಅಡ್ಡಿ ಹೇಳಲಿಲ್ಲ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದಾಗ, ಎರಡು ವರ್ಷದ ಮೇಲೆ ಬೆಂಗಳೂರಿನಲ್ಲಿ ಸೋಪು ಮಾಡತೊಡಗಿದಾಗ ನಾಲ್ವಡಿಯವರಿಗೆ ದಿವಾನರಾಗಿದ್ದವರು ವಿಶ್ವೇಶ್ವರಯ್ಯ, ನಮ್ಮ ಮುದ್ದೇನಹಳ್ಳಿಯವರು. "ಹಂಗಾದ್ರೆ ಇದು ನಮ್ಮ ಕಡೇದೇ ಅಂತ ಹೇಳಬಹುದು" ಎಂದು ಭಾವ ಇನ್ನೆರಡು ಹಾಕಿದರು.

ಆದರೂ ಸಮಾಧಾನವಿಲ್ಲ. ಕೌಂಟರಿನ ಹುಡುಗಿಯ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಶುರುಮಾಡಿ, ಮಧ್ಯದಲ್ಲಿ ಹಿಂದಿಗೆ ಹೊರಳಿ, ಕಡೆಗೆ ಕನ್ನಡಕ್ಕೆ ಬಂದರು. "ಅಲ್ಲಮ್ಮ, ಚಿಕ್ಕಬಳ್ಳಾಪುರದ್ದು ಅಂತ ಏನೂ ಇಲ್ವಾ ಇಲ್ಲಿ?"

"ನಾನಿದೀನಲ್ಲ ಸಾರ್" ಎಂದಳು. "ನಮ್ದು ಪೆರೇಸಂದ್ರ."

ಭಾವ ನಕ್ಕರು, ನಗಬೇಕಾಗಿದ್ದರಿಂದ. ಅವಳಿಗೆ ಊರಿನವರು ಸಿಕ್ಕ ಖುಷಿ. ಯಾವ ಬಸ್ಸು, ಯಾವ ಬೀದಿ, ಶಿಡ್ಲಘಟ್ಟದಲ್ಲಿ ಅವಳ ಸೋದರತ್ತೆಯ ಮನೆ ಎಲ್ಲಿ, ಎಲ್ಲ ಆಯಿತು. "ಮನೇಲಿ ಏನೂ ಕಟ್ಟಿಕೊಡಲಿಲ್ವಾ ಸಾರ್? ಹುರಿಹಿಟ್ಟು, ಹಿತಕಿದ ಅವರೆಕಾಳು? ಇದು ಅವರೆ ಕಾಲ ಅಲ್ವಾ" ಎಂದಳು ಬಿಲ್ಲು ಹಾಕುತ್ತ. ಭಾವ ಹುರಿಹಿಟ್ಟಿದ್ದ ಕೈಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು.

ಆಗ ಕಂಡಿತು ಅದು, ಕೌಂಟರಿನ ಪಕ್ಕದ ಗಾಜಿನ ತಟ್ಟೆಯ ಮೇಲೆ. ತಿಳಿ ಗುಲಾಬಿ ಬಣ್ಣದ ಪುಟ್ಟ ಡಬ್ಬಿ, ಚಿನ್ನದ ಅಕ್ಷರ, ಮೇಲೊಂದು ಸ್ಯಾಟಿನ್ ರಿಬ್ಬನ್ನು. ಪಾರದರ್ಶಕ ಕಿಟಕಿಯೊಳಗೆ ಹತ್ತಿಯ ಹಾಸಿಗೆ ಮೇಲೆ ಹನ್ನೆರಡು ರೇಷ್ಮೆಗೂಡು. ಒಂದೊಂದರದೂ ತಲೆ ಕತ್ತರಿಸಿದೆ. ಬೆರಳಿಗೆ ಟೊಪ್ಪಿಯ ಹಾಗೆ ಹಾಕಿಕೊಂಡು ಮುಖ ತಿಕ್ಕಿಕೊಳ್ಳಬೇಕಂತೆ. ಬೆಲೆ 399 ರೂಪಾಯಿ.

ನನಗೆ ತಡೆಯಲಾಗಲಿಲ್ಲ. "ಭಾವ, ಕೆಜಿಗೆ ಐನೂರರ ಮೇಲೆ ಗೂಡು ಹಿಡಿಯುತ್ತೆ. ನಾನು ಕೊಳ್ಳೋ ರೇಟಿಗೆ ಒಂದಕ್ಕೆ ರೂಪಾಯಿ ಬಿದ್ದರೆ ಹೆಚ್ಚು. ಹನ್ನೆರಡು ರೂಪಾಯಿ ಮಾಲು ಇದು!" ಬೆಲೆಗಿಂತ ಹೆಚ್ಚಾಗಿ ಹೊಟ್ಟೆ ಉರಿದದ್ದು ಕತ್ತರಿ ಹಾಕಿದ್ದಕ್ಕೆ. ಬಿಸಿನೀರಿನಲ್ಲಿ ಬೇಯಿಸಿ ತುದಿ ಹುಡುಕಿ ಎಳೆದರೆ ಒಂದೇ ಗೂಡಿನಿಂದ ಮುಕ್ಕಾಲು ಕಿಲೋಮೀಟರಿನಷ್ಟು ಎಳೆ ಬರುತ್ತದೆ. ನಡುವೆ ತುಂಡಾದರೆ ಸಾಕು, ನಮ್ಮ ಫಿಲೇಚರಿನಲ್ಲಿ ಗಲಾಟೆ. ತೂತು ಬಿದ್ದ ಗೂಡನ್ನು ನಾವು ಬೇರೆ ಚೀಲಕ್ಕೆ ಎಸೆಯುತ್ತೇವೆ. ಇಲ್ಲಿ ಅದಕ್ಕೆ ರಿಬ್ಬನ್ನು.

ಡಬ್ಬಿಯ ಹಿಂದೆ ಇಂಗ್ಲಿಷಿನಲ್ಲಿ ಒಂದು ಕತೆಯೂ ಇತ್ತು. ರೇಷ್ಮೆ ತೆಗೆಯುವ ಹೆಂಗಸರ ಕೈಗಳು ಮುದುಕಿಯರಾದರೂ ಮಗುವಿನ ಕೈಯಂತೆ ಮೃದುವಾಗಿರುತ್ತವಂತೆ, ಅದೇ ಈ ಗೂಡಿನ ರಹಸ್ಯವಂತೆ. ಬರೆದವರು ಕುದಿವ ಬೇಸಿನ್ನಿಗೆ ದಿನವಿಡೀ ಬೆರಳು ಅದ್ದುವ ನಮ್ಮ ಹೆಂಗಸರ ಕೈಯನ್ನು ಒಮ್ಮೆ ಮುಟ್ಟಿ ನೋಡಬೇಕಿತ್ತು. ನೆನೆದು ಬಿಳಿಚಿ ಸುಲಿದ ಆ ಬೆರಳಿಗೆ ಸಂಜೆ ಅವರು ಹಚ್ಚಿಕೊಳ್ಳುವುದು ಕೊಬ್ಬರಿ ಎಣ್ಣೆ.

"ಮೊನ್ನೆ ನಾನು ಕೊಟ್ಟ ಹಾರದಲ್ಲಿ ಇದರ ಹತ್ತರಷ್ಟು ಇತ್ತಲ್ಲ ಭಾವ."

"ಅದು ಹಾರ. ಇದು ಗಿಫ್ಟು" ಎಂದರು. ಮೂಸಿ ನೋಡಿದರು. ಗುಲಾಬಿ ಅತ್ತರಿನ ವಾಸನೆ. ನಾಲ್ಕು ಡಬ್ಬಿ ತೆಗೆದುಕೊಂಡರು.

ಅಷ್ಟು ಹೊತ್ತಿಗೆ ಗೇಟಿನಲ್ಲಿ ಸಾಲು ಕರಗಿತ್ತು. ಒಂದು ಕೈಯಲ್ಲಿ ಸೋಪಿನ ಚೀಲ, ಇನ್ನೊಂದರಲ್ಲಿ ಮೈಸೂರು ಪಾಕಿನ ಚೀಲ, ಕಂಕುಳಲ್ಲಿ ಗೂಡಿನ ಡಬ್ಬಿಗಳು, ಹೆಗಲಲ್ಲಿ ಹುರಿಹಿಟ್ಟು. ಓಡುತ್ತಿದ್ದ ಭಾವನನ್ನು ಹಿಂದಿನಿಂದ ನೋಡಿದರೆ ಹಬ್ಬದ ಹಿಂದಿನ ದಿನ ಸಂತೆಯಿಂದ ಕಡೇ ಬಸ್ಸು ಹಿಡಿಯಲು ಹೊರಟವರ ಹಾಗಿದ್ದರು. 7 ಕೆಜಿ ದಾಟಿ ಎಷ್ಟಾಗಿತ್ತೋ. ಪುಣ್ಯಕ್ಕೆ ಯಾರೂ ತೂಗಲಿಲ್ಲ.

ದೆಹಲಿಯಲ್ಲಿ ಎಲ್ಲ ಹಂಚಿ ಮುಗಿಯಿತು. ಪಂಜಾಬಿ ಆಂಟಿ ಸೋಪು ನೋಡಿ "ಯೇ ತೋ ನೀಚೇ ಮಾರ್ಕೆಟ್ ಮೇ ಭೀ ಮಿಲ್ತಾ ಹೈ" ಎಂದರು, ಬೇಜಾರಿಲ್ಲದೆ. ಅಕ್ಕ ನಾವು ಬಂದ ಸಂಜೆಯೇ ಹುರಿಹಿಟ್ಟಿಗೆ ಬೆಲ್ಲ, ತುಪ್ಪ, ಬಿಸಿ ಹಾಲು ಹಾಕಿ ಕಲೆಸಿ, ಚಳಿಯಲ್ಲಿ ಶಾಲು ಹೊದ್ದು ಕೂತು, ಯಾರಿಗೂ ಕೊಡದೆ ತಿಂದಳು.

ನಾನು ಊರಿಗೆ ಬಂದ ಹದಿನೈದು ದಿನಕ್ಕೆ ಭಾವನ ಫೋನು. ಮಾರ್ಕೆಟ್ಟಿನಲ್ಲಿದ್ದೆ, ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.

"ಆ ಆಂಟಿಗೆ ಗೂಡು ಭಾರಿ ಹಿಡಿಸಿಬಿಟ್ಟಿದೆ ಕಣಪ್ಪ. ಅವರ ಕಿಟ್ಟಿ ಪಾರ್ಟಿಯವರೆಲ್ಲ ಕೇಳ್ತಿದಾರಂತೆ. ಒಂದು ಐವತ್ತು ಕಳಿಸ್ತೀಯಾ?"

"ಕಳಿಸ್ತೀನಿ ಭಾವ. ಕತ್ತರಿಸಿ?"

"ಕತ್ತರಿಸಿ, ಹುಳ ತೆಗೆದು, ಚೆನ್ನಾಗಿ ತೊಳೆದು ಕಳಿಸು. ಹಂಗೇ ಒಂದು ಪೇಪರಲ್ಲಿ ಸುತ್ತಿದರೆ ಸಾಕು." ಸ್ವಲ್ಪ ತಡೆದು ದನಿ ತಗ್ಗಿಸಿದರು. "ಖಾಲಿ ಡಬ್ಬಿಗಳನ್ನ ಎಲ್ಲರ ಮನೆಯಿಂದ ವಾಪಸು ಇಸ್ಕೊಂಡಿದೀನಿ."