ನಾನೂ ನಕಲಿ, ನನ್ನ ಜಾಗವೂ ನಕಲಿ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಲಫಯೆಟ್ ಊರಿನ ಪಕ್ಕ, ವಾಬಾಷ್ ನದಿಯ ದಂಡೆಯ ಮೇಲೆ ಮರದ ದಿಮ್ಮಿ ಪೇರಿಸಿ ಕಟ್ಟಿದ ಎರಡಂತಸ್ತಿನ ಬ್ಲಾಕ್‌ಹೌಸ್ ಒಂದಿದೆ. ಮೇಲಂತಸ್ತು ಕೆಳಗಿನದಕ್ಕಿಂತ ತುಸು ಹೊರಚಾಚಿಕೊಂಡಿದೆ. ಪ್ರತಿ ವರ್ಷ ಅಕ್ಟೋಬರಿನಲ್ಲಿ ಇದರ ಸುತ್ತ ‘ಫೀಸ್ಟ್ ಆಫ್ ದ ಹಂಟರ್ಸ್ ಮೂನ್’ ಎಂಬ ಜಾತ್ರೆ ನೆರೆಯುತ್ತದೆ. ಹದಿನೆಂಟನೇ ಶತಮಾನದ ನಡುಗಾಲದಲ್ಲಿ ಫ್ರೆಂಚ್ ವ್ಯಾಪಾರಿಗಳು ಮತ್ತು ಅಲ್ಲಿನ ಮೂಲನಿವಾಸಿಗಳು ಚಳಿಗಾಲಕ್ಕೆ ಮೊದಲು ಒಟ್ಟು ಸೇರುತ್ತಿದ್ದ ಕೂಟವನ್ನು ವೇಷ ಕಟ್ಟಿ ಮತ್ತೆ ಆಡಿ ತೋರಿಸುವ ಹಬ್ಬ ಅದು. ಪರ್ಡ್ಯೂ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇರುವುದರಿಂದ ಜನಜಂಗುಳಿಯಲ್ಲಿ ಕನ್ನಡವೂ ಕಿವಿಗೆ ಬಿದ್ದರೆ ಅಚ್ಚರಿಯಿಲ್ಲ. ಜಾತ್ರೆ ಕರಗಿ, ಒಲೆಗಳ ಹೊಗೆ ಅಡಗಿದ ಮೇಲೆ ಆ ಬ್ಲಾಕ್‌ಹೌಸನ್ನೇ ಮಾತಿಗೆಳೆದೆ. ಅದು ಬಾಯಿ ಬಿಟ್ಟದ್ದೇ ತಡ, ಮುಚ್ಚಿಸುವುದು ಕಷ್ಟವಾಯಿತು.

ಯಜಮಾನರೇ, ಮುನ್ನೂರು ವರ್ಷಗಳ ನೆನಪು ಹೊತ್ತು ನಿಂತಿದ್ದೀರಿ...

ತಡೀರಿ ಸ್ವಾಮಿ, ಯಾವ ಮುನ್ನೂರು? ನಾನು ಹುಟ್ಟಿದ್ದು 1930ರಲ್ಲಿ. ನಿಮ್ಮ ಬೆಂಗಳೂರಿನ ಟೌನ್ ಹಾಲ್ ನನಗಿಂತ ಐದೇ ವರ್ಷ ಚಿಕ್ಕದು. ಲಫಯೆಟ್‌ನಲ್ಲಿ ರಿಚರ್ಡ್ ವೆದರಿಲ್ ಅಂತ ಡಾಕ್ಟರು ಇದ್ದರು, ಇತಿಹಾಸದ ಹುಚ್ಚು. ರೋಗಿಗಳ ನಾಡಿ ಹಿಡಿಯುವುದರ ನಡುವೆ ಬಿಡುವು ಮಾಡಿಕೊಂಡು ನನ್ನನ್ನು ನಿಲ್ಲಿಸಿದರು. ಫೋರ್ಟ್ ವಿಯಾಟೆನಾನ್ ಅಂತ ಫ್ರೆಂಚರು ಕಟ್ಟಿದ್ದು 1717ರಲ್ಲಿ. ಅದರ ನೆನಪಿಗೆ ನಾನು.

ಅಂದರೆ ಹಳೆಯ ಕೋಟೆಯ ಪಡಿಯಚ್ಚು ಅನ್ನಿ.

ಅದೂ ಅಲ್ಲ. ಫ್ರೆಂಚರು ಮಾಡಿದ್ದು ಇಷ್ಟೇ: ಮರದ ಕಂಬಗಳನ್ನು ಸಾಲಾಗಿ ನೆಲಕ್ಕೆ ನೆಟ್ಟು ಬೇಲಿ ಹಾಕಿದರು, ಒಳಗೆ ಒಂದಷ್ಟು ಮನೆ ಕಟ್ಟಿಕೊಂಡರು. ನನ್ನ ಹಾಗೆ ಎದೆ ಉಬ್ಬಿಸಿ ನಿಲ್ಲುವ ಬ್ಲಾಕ್‌ಹೌಸು ಇಂಗ್ಲಿಷರ ಕಡೆಯ ಶೈಲಿ. ಫ್ರೆಂಚ್ ಕೋಟೆಯ ಸ್ಮಾರಕ ಅಂತ ಫ್ರೆಂಚರ ಶತ್ರುವಿನ ಮನೆಯನ್ನು ಕಟ್ಟಿ ಇಟ್ಟಿದ್ದಾರೆ! ಅದೂ ಹೋಗಲಿ. 1960ರ ದಶಕದ ಕೊನೆಗೆ ಪುರಾತತ್ವದವರು ಗುದ್ದಲಿ ಹಿಡಿದು ಬಂದು ಅಗೆದರು ನೋಡಿ, ಅಸಲಿ ಕೋಟೆ ಸಿಕ್ಕಿದ್ದು ಇಲ್ಲಿಂದ ಸುಮಾರು ಒಂದು ಮೈಲಿ ಆಚೆ, ನದಿ ಹರಿಯುವ ದಿಕ್ಕಿನಲ್ಲಿ. ತಮಾಷೆ ಏನು ಗೊತ್ತೇ? ಈ ಹಬ್ಬ ಶುರುವಾದದ್ದು 1968ರಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ಇತ್ತ ಮೆರವಣಿಗೆ ಹೊರಟಿತು, ಅತ್ತ ನನ್ನ ಬಂಡವಾಳ ಬಯಲಾಯಿತು.

ಹಾಗಾದರೆ ಹಬ್ಬವನ್ನೇ ಆ ಜಾಗಕ್ಕೆ ಸಾಗಿಸಬಹುದಿತ್ತಲ್ಲ?

ಸಾವಿರಾರು ಜನ ಅಲ್ಲಿ ಗೂಟ ಹೊಡೆದು ಡೇರೆ ಹಾಕಿದರೆ ನೆಲದೊಳಗೆ ಉಳಿದಿರುವುದೂ ಮಣ್ಣುಪಾಲು. ಆ ಜಾಗ ಈಗ ಸಂರಕ್ಷಿತ. 2021ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅಂತ ಮಾನ್ಯತೆಯೂ ಬಂತು. ಹೀಗಾಗಿ ಇತಿಹಾಸ ಅಲ್ಲಿ ಹುಲ್ಲಿನಡಿ, ಜಾತ್ರೆ ಇಲ್ಲಿ ನನ್ನ ಬುಡದಲ್ಲಿ. ಇಬ್ಬರಿಗೂ ತೊಂದರೆಯಿಲ್ಲ. ಇತಿಹಾಸಕ್ಕೆ ಜಾತ್ರೆಯ ಗಲಾಟೆ ತಪ್ಪಿತು, ಜಾತ್ರೆಗೆ ಇತಿಹಾಸದ ಕಾಟ ತಪ್ಪಿತು.

ನಮ್ಮ ಕಿತ್ತೂರಿನಲ್ಲಿ ಇದರ ಉಲ್ಟಾ. ಅರಮನೆ ಪಾಳುಬಿದ್ದಿದೆ, ಜಾಗ ಮಾತ್ರ ಅಸಲಿ. ಅಲ್ಲೂ ಅಕ್ಟೋಬರಿನಲ್ಲೇ ಉತ್ಸವ.

ಕೇಳಿದ್ದೇನೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ದಿನ. ನೀವು ಕಲೆಕ್ಟರನನ್ನು ಹೊಡೆದವರ ಹಬ್ಬ ಮಾಡುತ್ತೀರಿ, ನಾವು ಕಲೆಕ್ಟರನ ಹಾಗೆ ಹೊರಗಿನಿಂದ ಬಂದವರ ಹಬ್ಬ ಮಾಡುತ್ತೇವೆ. ಹಾಗಂತ ಮೀಸೆ ತಿರುವಬೇಡಿ. ನಿಮ್ಮ ಬೆಂಗಳೂರು ಕ್ಲಬ್ಬಿನಲ್ಲಿ ಚರ್ಚಿಲ್ ಸಾಹೇಬರು 13 ರೂಪಾಯಿ ಬಾಕಿ ಉಳಿಸಿಕೊಂಡ ಲೆಕ್ಕದ ಪುಸ್ತಕವನ್ನು ಇವತ್ತಿಗೂ ಎಷ್ಟು ಜೋಪಾನ ಮಾಡಿದ್ದಾರಂತೆ! ಆ ಪುಣ್ಯಾತ್ಮ ಬಾಕಿ ತೀರಿಸಿ ಹೋಗಿದ್ದರೆ ಅದನ್ನು ಯಾರು ತೋರಿಸುತ್ತಿದ್ದರು? ನಿಮ್ಮ ಊರಿನ ಬೇಕರಿಯಲ್ಲಿ ಯಾರಾದರೂ 13 ರೂಪಾಯಿ ಬಾಕಿ ಉಳಿಸಿದರೆ ‘ಸಾಲ ಕೇಳಬೇಡಿ’ ಅಂತ ಬೋರ್ಡು ಬೀಳುತ್ತದೆ. ಇನ್ನು ಕೊಡಗು, ಚಿಕ್ಕಮಗಳೂರಿನ ಕಡೆ ತೋಟದ ಬಂಗಲೆಗಳಲ್ಲಿ ಒಂದು ರಾತ್ರಿ ದೊರೆಯ ಹಾಗೆ ಕಳೆಯಲು ಜನ ಎಷ್ಟು ದುಡ್ಡು ಕೊಡುತ್ತಾರೆ! ಅದೇ ತೋಟದ ಲೈನ್ ಮನೆಯಲ್ಲಿ ಕೂಲಿಯ ಹಾಗೆ ಒಂದು ರಾತ್ರಿ ಮಲಗುತ್ತೇನೆ, ಬಿಲ್ ಮಾಡಿ ಅಂತ ಕೇಳಿದವರು ಒಬ್ಬರನ್ನಾದರೂ ತೋರಿಸಿ.

(ತೋರಿಸಲಾಗಲಿಲ್ಲ. ಮುಂದಿನ ಪ್ರಶ್ನೆಗೆ ಹೋದೆ.)

ಹಬ್ಬದಲ್ಲಿ ಏನೇನಿರುತ್ತದೆ, ಸ್ವಲ್ಪ ಹೇಳಿ.

ಹುಟ್ಟು ಹಾಕುವ ಉದ್ದದ ದೋಣಿಗಳು ದಡಕ್ಕೆ ಬರುತ್ತವೆ. ಕೊಳಲು, ತಮಟೆ. ತುಪಾಕಿಗೆ ಮದ್ದು ತುಂಬಿ ಢಂ ಅನ್ನಿಸುತ್ತಾರೆ. ಸೌದೆ ಒಲೆಯ ಮೇಲೆ ಕಬ್ಬಿಣದ ಕೊಳಗ ಇಟ್ಟು ಸಾರು ಬೇಯಿಸುತ್ತಾರೆ. ಕಮ್ಮಾರ, ನೇಕಾರ, ಬುಟ್ಟಿ ಹೆಣೆಯುವವರು ಎಲ್ಲ ಇರುತ್ತಾರೆ. ಅವರ ಕೈಕೆಲಸ ಮಾತ್ರ ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವುದನ್ನು ನೋಡಿ ಬಾಯಿ ಬಿಟ್ಟು ನಿಂತ ಹುಡುಗರನ್ನು ಕಂಡರೆ ನನಗೂ ಸಂತೋಷವೇ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲ್ ಇರುವುದಿಲ್ಲ.

ವೇಷ ಕಟ್ಟುವ ದೊಡ್ಡವರದ್ದು ಬೇರೆ ಕಥೆ. ವಾರವೆಲ್ಲ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು ಶನಿವಾರ ತುಪ್ಪಳದ ವ್ಯಾಪಾರಿಗಳಾಗುತ್ತಾರೆ. ಕೈಗಡಿಯಾರ ಕಾಣುವಂತಿಲ್ಲ, ಪ್ಲಾಸ್ಟಿಕ್ ಕಾಣುವಂತಿಲ್ಲ. ಕೋಟಿನ ಗುಂಡಿ ಮೂಳೆಯದೋ ಸೀಸದ್ದೋ ಅಂತ ನನ್ನ ನೆರಳಿನಲ್ಲಿ ನಿಂತು ವಾಗ್ವಾದ ಮಾಡಿದವರಿದ್ದಾರೆ. ಹೊಲಿಗೆ ಕೈಯದಾಗಬೇಕು, ದಾರ ನಾರಿನದಾಗಬೇಕು, ಬಣ್ಣ ಗಿಡದ್ದಾಗಬೇಕು. ಅಷ್ಟು ಕಟ್ಟುನಿಟ್ಟು. ಆಮೇಲೆ ನನ್ನ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳುತ್ತಾರೆ. 1930ರ ಮನೆ, ಇಂಗ್ಲಿಷ್ ಶೈಲಿ, ತಪ್ಪು ಜಾಗ. ಗುಂಡಿ ಮಾತ್ರ ಸರಿಯಾಗಿದೆ.

ತುಪಾಕಿ ಅಂದಿರಿ. ಈ ಕೋಟೆಗಾಗಿ ದೊಡ್ಡ ಯುದ್ಧ ನಡೆದಿರಬೇಕು?

ಅದೇ ಇಲ್ಲ ಸ್ವಾಮಿ! ಇದು ಅಂಗಡಿ, ರಣರಂಗವಲ್ಲ. ಇಲ್ಲಿಂದ ಬೀವರ್ ತುಪ್ಪಳ ಯುರೋಪಿಗೆ ಹೋಗಿ ಸಾಹೇಬರ ತಲೆಯ ಮೇಲೆ ಟೋಪಿಯಾಗುತ್ತಿತ್ತು. ಅಲ್ಲಿಂದ ಗಾಜಿನ ಮಣಿ, ಹಿತ್ತಾಳೆ ಪಾತ್ರೆ, ಕಂಬಳಿ, ಬಂದೂಕು, ಬ್ರಾಂದಿ ಇಲ್ಲಿಗೆ ಬರುತ್ತಿದ್ದವು. ಆಮೇಲೆ ಇಂಗ್ಲಿಷರಿಗೂ ಫ್ರೆಂಚರಿಗೂ ಏಳು ವರ್ಷಗಳ ಯುದ್ಧ ಬಂತು. ಇಂಗ್ಲಿಷರು 1760ರಲ್ಲಿ ಮಾಂಟ್ರಿಯಲ್ ಹಿಡಿದರು, 1761ರ ಜನವರಿಯಲ್ಲಿ ನಿಮ್ಮ ಕಡೆಯ ಪುದುಚೇರಿಯನ್ನೂ ಹಿಡಿದರು. ಪುದುಚೇರಿಯ ಫ್ರೆಂಚರ ನೆರವಿಗೆ ನಿಮ್ಮ ಹೈದರಾಲಿ ದಂಡು ಕಳಿಸಿದ್ದನಂತೆ, ನಮ್ಮ ಕಡೆಗೆ ಯಾರೂ ಕಳಿಸಲಿಲ್ಲ. 1761ರಲ್ಲೇ ಇಂಗ್ಲಿಷರ ಕೆಂಪು ಕೋಟಿನ ಒಂದು ಚಿಕ್ಕ ತುಕಡಿ ಈ ಕೋಟೆಗೂ ಬಂತು. 1763ರ ಜೂನ್ 1ರಂದು ಇಲ್ಲಿಯ ಮೂಲನಿವಾಸಿಗಳು ಉಪಾಯವಾಗಿ ಅವರ ಅಧಿಕಾರಿ ಜೆಂಕಿನ್ಸ್‌ನನ್ನು ಹಿಡಿದು ಕಟ್ಟಿಹಾಕಿ ಕೋಟೆ ವಶ ಮಾಡಿಕೊಂಡರು. ಪಾಂಟಿಯಾಕ್ ಎಂಬ ಮೂಲನಿವಾಸಿ ಮುಖಂಡನ ಆ ದಂಗೆಯಲ್ಲಿ ಬೇರೆ ಕೋಟೆಗಳಲ್ಲಿ ರಕ್ತ ಹರಿಯಿತು, ಇಲ್ಲಿ ಸಿಪಾಯಿಗಳ ಜೀವ ಉಳಿಯಿತು. ಹಬ್ಬದ ಎರಡು ದಿನ ಇಲ್ಲಿ ಹಾರುವ ಮದ್ದನ್ನು ನೋಡಿದರೆ ಜೆಂಕಿನ್ಸ್ ಬೆಚ್ಚಿಬೀಳುತ್ತಿದ್ದ.

ಅಂದರೆ ಎಲ್ಲರೂ ಅನ್ಯೋನ್ಯವಾಗಿದ್ದರು. ಹಬ್ಬ ಮಾಡುವುದರಲ್ಲಿ ತಪ್ಪೇನು?

ಈಗ ವಿಷಯಕ್ಕೆ ಬಂದಿರಿ. ಕೊಡುಕೊಳ್ಳುವುದಿತ್ತು, ನೆಂಟಸ್ತಿಕೆ ಇತ್ತು, ಫ್ರೆಂಚರು ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಸಂಸಾರ ಹೂಡಿದ್ದೂ ಉಂಟು. ಅದು ಸುಳ್ಳಲ್ಲ. ಅದಕ್ಕೇ ಹಬ್ಬದವರು ಗಡಿಯಾರವನ್ನು ಸರಿಯಾಗಿ ಅಲ್ಲಿಗೇ ನಿಲ್ಲಿಸಿದ್ದಾರೆ. ಮುಳ್ಳು ಒಂದು ಮೂವತ್ತು ವರ್ಷ ಮುಂದೆ ಸರಿದರೆ ಅಂಗಡಿ ಮುಚ್ಚಬೇಕಾಗುತ್ತದೆ.

ಮೂವತ್ತು ವರ್ಷದಾಚೆ ಏನಾಯಿತು?

ಅಷ್ಟರಲ್ಲಿ ಇಂಗ್ಲಿಷರು ಹೋಗಿ ಅಮೆರಿಕನ್ನರ ರಾಜ್ಯ ಬಂದಿತ್ತು. ವಾಷಿಂಗ್ಟನ್ ಅಧ್ಯಕ್ಷ, ಹೆನ್ರಿ ನಾಕ್ಸ್ ಯುದ್ಧ ಮಂತ್ರಿ. 1791ರ ಜೂನ್‌ನಲ್ಲಿ ಚಾರ್ಲ್ಸ್ ಸ್ಕಾಟ್ ಎಂಬ ಸೇನಾಪತಿ ಕೆಂಟಕಿಯಿಂದ ಕುದುರೆ ಸವಾರರನ್ನು ಕಟ್ಟಿಕೊಂಡು ಬಂದು ಇಲ್ಲಿಯ ಹಳ್ಳಿಗಳನ್ನು ಸುಟ್ಟ. ಪೈರು ಹಾಳುಗೆಡವಿದ. ಹೆಂಗಸರು ಮಕ್ಕಳನ್ನು ಸೆರೆ ಒಯ್ದ. ಒಂದು ಹಳ್ಳಿಯಲ್ಲಿ ಮನೆಗಳನ್ನು ಚೆನ್ನಾಗಿ ಕಟ್ಟಿಕೊಂಡಿದ್ದರು, ಪುಸ್ತಕ ಪತ್ರಗಳಿದ್ದವು ಅಂತ ಅವನೇ ವರದಿಯಲ್ಲಿ ಬರೆದಿದ್ದಾನೆ. ಮೆಚ್ಚುಗೆ ಬರೆಯುವ ಮುಂಚೆ ಸುಟ್ಟಾಗಿತ್ತು, ಅಷ್ಟೇ. ಕಂದಾಯದವರು ಮನೆ ಕೆಡವಿ ಆಮೇಲೆ ಮಹಜರಿನಲ್ಲಿ ‘ಸುಸಜ್ಜಿತ ಕಟ್ಟಡ’ ಅಂತ ಬರೆದ ಹಾಗೆ.

1838ರಲ್ಲಿ ಇನ್ನೊಂದು. ಉತ್ತರ ಇಂಡಿಯಾನಾದ ಪೊಟವಾಟಮಿ ಜನ, ಎಂಟು ನೂರಕ್ಕೂ ಹೆಚ್ಚು ಮಂದಿಯನ್ನು ಬಂದೂಕಿನ ಕಾವಲಿನಲ್ಲಿ ಕಾನ್ಸಸ್‌ವರೆಗೆ ನಡೆಸಿಕೊಂಡು ಹೋದರು. ಇದೇ ಟಿಪ್ಪೆಕನೂ ಜಿಲ್ಲೆಯ ಮೇಲೆ ಹಾಯ್ದು ಹೋದರು. ದಾರಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಮಕ್ಕಳು. ಅದಕ್ಕೆ ಗುಂಡಿ ಯಾವುದು, ದಾರ ಯಾವುದು ಅಂತ ನನ್ನ ನೆರಳಿನಲ್ಲಿ ಯಾರೂ ವಾಗ್ವಾದ ಮಾಡುವುದಿಲ್ಲ.

ಅಂಥದ್ದನ್ನು ಹಬ್ಬದಲ್ಲಿ ಆಡಿ ತೋರಿಸಲು ಸಾಧ್ಯವೇ?

ವರ್ಜೀನಿಯಾದಲ್ಲಿ ನಮ್ಮ ವರ್ಗದ ದೊಡ್ಡಣ್ಣ ಇದ್ದಾನೆ, ಕಲೋನಿಯಲ್ ವಿಲಿಯಮ್ಸ್‌ಬರ್ಗ್. ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ದುಡ್ಡಿನಲ್ಲಿ ಇಡೀ ಊರನ್ನೇ ಹಳೆಯ ಕಾಲಕ್ಕೆ ವಾಪಸು ಕಳಿಸಿದರು. ಆ ಹಳೆಯ ಊರಿನಲ್ಲಿ ಸುಮಾರು ಅರ್ಧ ಜನ ಕರಿಯರು, ಅವರಲ್ಲಿ ಬಹುಪಾಲು ಗುಲಾಮರು. ಆದರೆ ಬಹಳ ಕಾಲ ಅಲ್ಲಿ ಕಂಡದ್ದು ಬೆಳ್ಳಗಿನ ಕೃತಕ ಕೂದಲು, ಕುದುರೆಗಾಡಿ, ಮೇಣದಬತ್ತಿ. 1994ರ ಅಕ್ಟೋಬರಿನಲ್ಲಿ ಅಲ್ಲಿಯ ಕರಿಯ ಕಲಾವಿದರೇ ಮುಂದೆ ನಿಂತು ಗುಲಾಮರ ಹರಾಜನ್ನು ಆಡಿ ತೋರಿಸಿದರು. ಅದರ ಹೊಣೆ ಹೊತ್ತವರು ಕ್ರಿಸ್ಟಿ ಕೋಲ್ಮನ್, ಅವರೂ ಆಫ್ರಿಕನ್ ಅಮೆರಿಕನ್. ಭಾರೀ ಪ್ರತಿಭಟನೆ ಆಯಿತು, ಕರಿಯರ ಹಕ್ಕಿಗೆ ಹೋರಾಡುವವರಿಂದಲೇ. ನಮ್ಮ ನೋವನ್ನು ಮೋಜು ಮಾಡುತ್ತೀರಾ ಅಂತ ಅವರ ಪ್ರಶ್ನೆ. ವಿರೋಧಿಸಲು ಬಂದ ಮುಖಂಡರೊಬ್ಬರು ನೋಡಿದ ಮೇಲೆ ಮನಸ್ಸು ಬದಲಿಸಿದರು. ಮೆಚ್ಚಿದ್ದು ತಪ್ಪು, ವಿರೋಧಿಸಿದ್ದು ತಪ್ಪು ಅಂತ ನಾನು ಹೇಳಲಾರೆ. ಆ ಒಂದು ಮಧ್ಯಾಹ್ನ ಯಾರೂ ಗುಂಡಿಯ ಬಗ್ಗೆ ಮಾತಾಡಿರಲಾರರು, ಅಷ್ಟು ಹೇಳಬಲ್ಲೆ.

ನಿಮ್ಮ ಹಬ್ಬಕ್ಕೆ ಮೂಲನಿವಾಸಿಗಳು ಬರುವುದಿಲ್ಲವೇ?

ಬರುತ್ತಾರೆ. ಕುಣಿಯುತ್ತಾರೆ, ಕಥೆ ಹೇಳುತ್ತಾರೆ, ಕೇಳಿದವರಿಗೆ ನಡೆದದ್ದನ್ನೂ ಹೇಳುತ್ತಾರೆ. ಕೇಳುವವರು ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದು ಪಕ್ಕದ ಅಂಗಡಿಯಲ್ಲಿ ಏನು ಕರಿಯುತ್ತಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಹಾಗಾದರೆ ಹಬ್ಬ ನಿಲ್ಲಿಸಬೇಕು ಅಂತೀರಾ?

ಯಾಕೆ ನಿಲ್ಲಿಸಬೇಕು? ಊರಿನ ಸಂಘಸಂಸ್ಥೆಗಳು ತಿಂಡಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳುತ್ತವೆ, ಹಬ್ಬ ನಡೆಸುವ ಇತಿಹಾಸ ಸಂಘಕ್ಕೆ ವರ್ಷದ ಖರ್ಚಿಗೆ ಆಸರೆ, ನನ್ನ ಸೂರಿಗೂ ರಿಪೇರಿ. ನಿಲ್ಲಿಸಬೇಡಿ, ಇನ್ನೊಂದು ಸೇರಿಸಿ. ಅಕ್ಟೋಬರಿನಲ್ಲಿ ಕೂಟ ಮಾಡಿದವರು ಜೂನ್‌ನಲ್ಲಿ ಬೆಂಕಿಯನ್ನೂ ಮಾಡಿ. ಅದೇ ವೇಷ, ಅದೇ ಗುಂಡಿ, ಅದೇ ಕುದುರೆ. ಸುಡಲು ಮನೆ ಬೇಕಾದರೆ ನಾನಿದ್ದೇನೆ. ನಾನು ಹೇಗೂ ನಕಲಿ, ಪುರಾತತ್ವದವರಿಗೆ ಒಂದಿಷ್ಟೂ ನಷ್ಟವಿಲ್ಲ. ವಿಮೆಯವರು ಒಪ್ಪಬೇಕು ಅಷ್ಟೆ. ಆದರೆ ಆ ಟಿಕೆಟ್ ಯಾರೂ ಕೊಳ್ಳುವುದಿಲ್ಲ ಅನ್ನುವುದು ನನಗೂ ಗೊತ್ತು, ಸಂಘದವರಿಗೂ ಗೊತ್ತು.

ನಿಮ್ಮ ಮೇಲೆ ನಿಮಗೇ ಬೇಸರವಿಲ್ಲವೇ?

ಬೇಸರ ಯಾಕೆ? ಈ ಬಯಲಿನಲ್ಲಿ ತಾನು ನಕಲಿ ಅಂತ ಬಾಯಿಬಿಟ್ಟು ಹೇಳುವವನು ನಾನೊಬ್ಬನೇ.

ಕೊನೆಯದಾಗಿ, ನಮ್ಮ ಓದುಗರಿಗೆ ಏನಾದರೂ ಹೇಳುವುದಿದೆಯೇ?

ಬನ್ನಿ, ನೋಡಿ, ತಿನ್ನಿ. ಜತೆಗೆ ಇಷ್ಟು ತಿಳಿದಿರಲಿ. ಈ ಕೋಟೆಗೆ ಹೆಸರು ಕೊಟ್ಟವರು ವಿಯಾ ಜನ. ಅವರನ್ನು ಇಲ್ಲಿ ಹುಡುಕಬೇಡಿ. ಒಪ್ಪಂದದ ಮೇಲೆ ಒಪ್ಪಂದ ಮಾಡಿಸಿ ಇಲ್ಲಿಂದ ಪಶ್ಚಿಮಕ್ಕೆ, ಕಾನ್ಸಸ್‌ವರೆಗೆ ಸಾಗಿಸಿದರು. 1854ರಲ್ಲಿ ಪಿಯೋರಿಯಾ ಮುಂತಾದ ಇತರ ಬುಡಕಟ್ಟುಗಳ ಜತೆ ಒಂದುಗೂಡಿದರು, 1867ರ ಒಪ್ಪಂದದ ಮೇಲೆ ಕಾನ್ಸಸ್‌ನಿಂದಲೂ ಏಳಬೇಕಾಯಿತು. ಅವರ ವಂಶದವರು ಈಗ ಒಕ್ಲಹೋಮಾದ ಪಿಯೋರಿಯಾ ಬುಡಕಟ್ಟಿನಲ್ಲಿದ್ದಾರೆ, ಕಚೇರಿ ಮಯಾಮಿ ಎಂಬ ಊರಿನಲ್ಲಿದೆ. ಇಲ್ಲಿಂದ ಇಲಿನಾಯ್, ಮಿಸೌರಿ ಎರಡೂ ರಾಜ್ಯ ದಾಟಿ ಹೋಗಬೇಕು.